ಕಾರ್ ಸಾ ಕೊಟ್ಟ ಸರ್ಟಿಫಿಕೇಟು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದ ಆ ಫೋನನ್ನು ಕಾಂತರಾಜು ಎತ್ತದೆ ಸುಮ್ಮನಿದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಆದರೆ ಎತ್ತಿದ. ಕೈತುಂಬ ಶಾಂಪೂ ನೊರೆ, ಮೈಮೇಲೆ ಬನಿಯನ್ನು, ಎದುರಿಗೆ ತೊಳೆದು ನಿಲ್ಲಿಸಿದ ದೊಡ್ಡ ಬಿಳಿ ಕಾರು. ಇನ್ನೊಂದು ಗಂಟೆಯಲ್ಲಿ ಅವನು ಅದೇ ಕಾರಿನಲ್ಲಿ ಹೊಳೆನರಸೀಪುರ ಬಿಟ್ಟು ನುಗ್ಗೇಹಳ್ಳಿಗೆ ಹೆಣ್ಣು ನೋಡಲು ಹೊರಡಬೇಕಿತ್ತು.

"ಕಾರ್ ಸಾ ಅಲ್ವಾ? ನಾನು ಪುಟ್ಟರಾಜು ಅಂತ, ನುಗ್ಗೇಹಳ್ಳಿ. ಓದ್ ವರ್ಸ ಇರೀಸಾವೇಲಿ ನಮ್ಮಣ್ಣನ ಮಗಳ್ಗೆ ಬಂದಿದ್ದ ಗಂಡಿನ ಕಾರು ನೀವು ನೋಡಿ ಏಳಿದ್ರಲ್ಲ, ನಾವು ಆ ಮನೆಯೋರು. ಇವತ್ತು ನನ್ ಮಗಳ್ನ ನೋಡಕ್ಕೆ ನರಸೀಪುರದಿಂದ ಒಬ್ಬ ಉಡ್ಗ ಬತ್ತಾವ್ನೆ. ಸ್ವಂತ ಕಾರದೆ ಅಂತ ಏಳವ್ರೆ. ನೀವೊಂದ್ಸಲ ಬಂದು ಕಣ್ಣಾಡ್ಸಿ ಏಳ್ಬುಡಿ ಸಾ. ನೀವು ಬರಕ್ಕಾಗಲ್ಲ ಅಂದ್ರೆ ಆ ಉಡ್ಗುಂಗೇ ಇವತ್ತು ಬರ್ಬ್ಯಾಡ ಅಂದ್ಬುಡ್ತೀನಿ."

ಕಾಂತರಾಜುವಿನ ಕೈಯಿಂದ ಸ್ಪಂಜು ಜಾರಿ ಬಕೆಟ್ಟಿಗೆ ಬಿತ್ತು. ನರಸೀಪುರದಿಂದ ಹೋಗಲಿರುವ ಆ ಹುಡುಗ ಅವನೇ.

"ಬತ್ತೀನಿ," ಎಂದ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡವನ ದಪ್ಪ ದನಿಯಲ್ಲಿ. ಫೋನಿನಲ್ಲಿ ಕಾರ್ ಸಾ ಯಾವಾಗಲೂ ಹಾಗೆಯೇ ಮಾತಾಡುವುದು.

ಈ ಕಾರ್ ಸಾ ಯಾರು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂದೆ ಹಾಸನದ ಕಾಲೇಜಿನಲ್ಲಿ ನಾಲ್ಕು ಜನ ಹುಡುಗರು ಕ್ಲಾಸಿಗೆ ಚಕ್ಕರ್ ಹೊಡೆದು ಕಾಂಪೌಂಡಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ರಸ್ತೆಯಲ್ಲಿ ಹೋಗುವ ಕಾರು ಯಾವುದು, ಎಷ್ಟು ಹಳೆಯದು ಎಂದು ಬರೀ ಸದ್ದಿನಲ್ಲೇ ಹೇಳುತ್ತಿದ್ದರು. ಈ ಕಾರಿನ ಹುಚ್ಚರಿಗೆ ನಾಳೆ ಹೊಟ್ಟೆಗೆ ಯಾರು ಹಾಕುತ್ತಾರೆ ಎಂದು ಮೇಷ್ಟರುಗಳು ಕೊರಗಿದ್ದೇ ಬಂತು, ಕಾರೇ ಅವರನ್ನು ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಹೊತ್ತುಕೊಂಡು ಹೋಯಿತು. ಅನಿಲ್‌ಕುಮಾರ್ ವಿಮೆಯವರಿಗೆ ಅಪಘಾತದ ಕಾರು ನೋಡಿ ವರದಿ ಬರೆಯುವವನಾದ. ನುಜ್ಜುಗುಜ್ಜಾದ ಕಾರು ಕಂಡರೆ ಓನರಿಗಿಂತ ಮೊದಲು ಇವನು ಅಳುತ್ತಾನೆ. ದಿಲೀಪ ಅರಕಲಗೂಡಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟ. ಕಲಿಯುವವರ ಪಕ್ಕದಲ್ಲಿ ಕೂತೂ ಕೂತೂ, ಈಗ ಮನೆಯಲ್ಲಿ ಹೆಂಡತಿ ಸ್ವಲ್ಪ ಜೋರಾಗಿ ಮಾತಾಡಿದರೂ ಅವನ ಕಾಲು ತಾನಾಗಿಯೇ ಬ್ರೇಕ್ ತುಳಿಯುತ್ತದೆ. ಕೀರ್ತಿರಾಜ್ ಮದುವೆಗಳಿಗೆ ಕಾರು ಬಾಡಿಗೆ ಕೊಡುತ್ತಾನೆ.

ಉಳಿದವನು ನಮ್ಮ ಕಾಂತರಾಜು. ಹೊಟ್ಟೆಪಾಡಿಗೆ ಹಾಲಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವ ಕೆಲಸ. ಹುಚ್ಚಿಗೆ ಒಂದು ಹಳೇ ಕಾರು ತಂದು, ಹೊಸದರಂತೆ ಮಾಡುತ್ತೇನೆಂದು ಬಿಚ್ಚಿದ. ಬಿಚ್ಚಿ ಐದು ವರ್ಷವಾಯಿತು. ಎಂಜಿನ್ನು ಜಗಲಿಯಲ್ಲಿದೆ, ಬಾನೆಟ್ಟಿನ ಮೇಲೆ ಅವನ ತಾಯಿ ಅನಸೂಯಮ್ಮ ಮೆಣಸಿನಕಾಯಿ ಒಣಗಿಸುತ್ತಾರೆ.

ಈಗ ನಮ್ಮ ಕಡೆ ಗಂಡಿಗೆ ಹೆಣ್ಣು ಸಿಗಬೇಕಾದರೆ ಜಮೀನು ಸಾಲದು, ಮನೆ ಮುಂದೆ ಕಾರು ನಿಂತಿರಬೇಕು. ಇಲ್ಲದವರು ಯಾರದೋ ಕಾರು ತಂದು ನಮ್ಮದೇ ಎನ್ನುತ್ತಾರೆ. ಮೂರು ವರ್ಷದ ಹಿಂದೆ ಅರಕಲಗೂಡಿನಲ್ಲಿ ನೆಂಟರ ಹುಡುಗಿಯನ್ನು ನೋಡಲು ಬಂದವರ ಕಾರನ್ನು ಸುಮ್ಮನೆ ಒಂದು ಸುತ್ತು ಹಾಕಿದ ಕಾಂತರಾಜು, ಬಾಯಿ ತಡೆಯಲಾರದೆ, "ಇದು ಬಾಡಿಗೇದು," ಎಂದುಬಿಟ್ಟ. ನಿಜವೇ ಆಗಿತ್ತು. ಗಂಡಿನ ಸೋದರಮಾವ ಚಪ್ಪಲಿ ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಅಟ್ಟಿಸಿಕೊಂಡು ಬಂದ. ಆ ನೆಂಟರು ಹೆಸರು ಬಿಟ್ಟು ನಂಬರು ಮಾತ್ರ ಹಂಚಿ, ಅಂದಿನಿಂದ ಹೆಣ್ಣಿನ ಕಡೆಯವರ ಕರೆಗಳು ಶುರುವಾದವು. ಕಾಂತರಾಜುವೂ ಅಂದಿನಿಂದ ಯಾರಿಗೂ ಮುಖ ತೋರಿಸಲಿಲ್ಲ. ದಾರಿಹೋಕನಂತೆ ಬಂದು, ಚಪ್ಪಲಿ ಸರಿ ಮಾಡಿಕೊಳ್ಳುವವನಂತೆ ಬಗ್ಗಿ ಕಾರು ನೋಡಿ, ದೂರ ಹೋಗಿ ದಪ್ಪ ದನಿಯಲ್ಲಿ ಫೋನ್ ಮಾಡುತ್ತಿದ್ದ. ಇಪ್ಪತ್ತಮೂರು ಕಾರು ನೋಡಿದ್ದ, ಒಂದರಲ್ಲೂ ತಪ್ಪಿರಲಿಲ್ಲ. ಅವನ ಹೆಸರಾಗಲಿ ಮುಖವಾಗಲಿ ಯಾರಿಗೂ ಗೊತ್ತಿಲ್ಲ, ಕಾರ್ ಸಾ ಎಂದರೆ ಮಾತ್ರ ನಾಲ್ಕು ತಾಲ್ಲೂಕಿಗೂ ಗೊತ್ತು.

ಇಂಥವನಿಗೆ ಮೂವತ್ತನಾಲ್ಕು ತುಂಬಿದರೂ ಮದುವೆಯಿಲ್ಲ. ಮೂರು ಕಡೆ ಹುಡುಗನನ್ನು ಒಪ್ಪಿದರು, ಜಗಲಿಯ ಮೇಲಿನ ಎಂಜಿನ್ ನೋಡಿ ಎದ್ದು ಹೋದರು. ನಾಲ್ಕನೆಯ ಹುಡುಗಿ ಈ ನಿಸರ್ಗ. ಚನ್ನರಾಯಪಟ್ಟಣದಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾಳೆ ಎಂದು ಮಾವ ಪಾಲಾಕ್ಷ ಸುದ್ದಿ ತಂದ ದಿನದಿಂದ ಕಾಂತರಾಜುವಿಗೆ ನಿದ್ದೆ ಹತ್ತಿರಲಿಲ್ಲ. ಕ್ಲಚ್ಚು ಗೊತ್ತಿರುವ ಹುಡುಗಿ. ಈ ಹುಡುಗಿ ಕೈತಪ್ಪಿದರೆ ತಾನು ಬದುಕಿದ್ದೂ ದಂಡ ಎಂದುಕೊಂಡ. ಅದಕ್ಕೇ ಜನ್ಮದಲ್ಲಿ ಮೊದಲ ಸಲ ಕಾರಿನ ವಿಷಯದಲ್ಲಿ ಸುಳ್ಳು ಹೇಳಲು ನಿಂತಿದ್ದ. ಕೀರ್ತಿರಾಜನ ಕಾರು ತಂದು, ಸೀಟಿನ ಸಂದಿಯಲ್ಲಿದ್ದ ಅಕ್ಷತೆ ಕಾಳನ್ನೆಲ್ಲ ಪಿನ್ನಿನಲ್ಲಿ ತೆಗೆದ. ಹೂವಿನ ಹಾರ ಅಂಟಿಸಿದ್ದ ಟೇಪಿನ ಗುರುತನ್ನು ಸೀಮೆಎಣ್ಣೆ ಹಾಕಿ ಉಜ್ಜಿದ. ಕಾರ್ ಸಾ ಬಂದರೂ ಕಂಡುಹಿಡಿಯಬಾರದು, ಹಾಗೆ ಮಾಡಿದ್ದ. ಈಗ ಕಾರ್ ಸಾಗೇ ಕರೆ ಬಂದಿತ್ತು.

ದಾರಿಯಲ್ಲಿ ವಿಷಯ ಕೇಳಿ ಪಾಲಾಕ್ಷ ಮಾವನಿಗೆ ಸೀಟಿನ ಮೇಲೆ ಕೂರಲಾಗಲಿಲ್ಲ. "ಲೇ ಕಾಂತ, ಪರೀಕ್ಷೆ ಬರಿಯೋನೂ ನೀನೇ, ಮಾರ್ಕ್ಸ್ ಆಕೋನೂ ನೀನೇ. ನೂರುಕ್ಕೆ ನೂರು ಆಕ್ಕೊಳ್ಳಲಾ," ಎಂದು ಬೆನ್ನು ತಟ್ಟಿದ.

"ಬ್ಯಾಡ ಕಣಪ್ಪ," ಎಂದರು ಅನಸೂಯಮ್ಮ. "ಇರಾದ ಇದ್ದಂಗೆ ಏಳು. ಮೂರು ಓದ್ವು, ಇದೂ ಓದ್ರೆ ಓಗ್ಲಿ."

"ಓಗ್ಲಿ ಅಂತ ನಾಲ್ಕನೇದನ್ನೂ ಬುಡಕ್ಕೆ ಇದೇನ್ ಬಸ್ಸಾ ಅಕ್ಕಯ್ಯ? ಸುಮ್ಕಿರು," ಎಂದ ಮಾವ. ಕಾಂತರಾಜು ಗೇರು ಬದಲಾಯಿಸಿದ.

ನುಗ್ಗೇಹಳ್ಳಿಯಲ್ಲಿ ಕಾರು ನಿಂತಾಗ ಪುಟ್ಟರಾಜು ನೆಂಟರ ಮುಖಕ್ಕಿಂತ ಹೆಚ್ಚಾಗಿ ರಸ್ತೆಯ ಆ ತುದಿ ಈ ತುದಿ ನೋಡುತ್ತಿದ್ದರು. ಒಳಗೆ ಚಾಪೆಯ ಮೇಲೆ ಕೂತಾಗ ಕಾಂತರಾಜುವಿಗೆ ಹೊಸ ಸಂಕಟ ಹೊಳೆಯಿತು. ಪುಟ್ಟರಾಜುವಿಗೆ ತನ್ನ ದನಿ ಗೊತ್ತು. ದಪ್ಪ ಮಾಡಿಕೊಂಡಿದ್ದರೂ ದನಿ ದನಿಯೇ.

"ಏನಪ್ಪಾ, ದಾರೀಲಿ ತೊಂದ್ರೆ ಏನೂ ಆಗ್ನಿಲ್ವಾ?" ಎಂದರು ಪುಟ್ಟರಾಜು.

ಕಾಂತರಾಜು ಕತ್ತು ಮುಟ್ಟಿಕೊಂಡು, ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದ.

"ದಾರಿ ಉದ್ದಕ್ಕೂ ಚೆನ್ನಾಗೇ ಇದ್ನಲ್ಲ," ಎಂದರು ಅನಸೂಯಮ್ಮ. ತಾಯಂದಿರು ಇಂಥ ಸಮಯದಲ್ಲೇ ನಿಜ ಹೇಳುವುದು.

ಪಕ್ಕದ ಮನೆಯ ಅಜ್ಜಿ, ಹೆಣ್ಣು ನೋಡುವ ಶಾಸ್ತ್ರವನ್ನು ಬಿಟ್ಟರೆ ಉಂಟೇ ಎಂದು ಬೆಳಿಗ್ಗೆಯೇ ಬಂದು ಕೂತಿದ್ದವಳು, ತಕ್ಷಣ ಅಡಿಗೆಮನೆಗೆ ಹೋಗಿ ಒಂದು ದೊಡ್ಡ ಲೋಟದ ತುಂಬ ಮೆಣಸಿನ ಕಷಾಯ ಕಾಯಿಸಿ ತಂದಳು. ಎದುರಿಗೇ ನಿಂತು ಕುಡಿಸಿದಳು. ಕಾಂತರಾಜುವಿನ ಕಣ್ಣಲ್ಲಿ ನೀರು ಬಂತು. ಹುಡುಗಿ ಕಾಫಿ ತಂದದ್ದೂ ಆ ಹೊತ್ತಿಗೇ ಆದ್ದರಿಂದ, ನಿಸರ್ಗ ಅವನಿಗೆ ಮೊದಲು ಕಂಡದ್ದು ಮಂಜುಮಂಜಾಗಿ. ಆದರೂ ಚೆನ್ನಾಗಿ ಕಂಡಳು.

ಪುಟ್ಟರಾಜು ಮೂಲೆಗೆ ಹೋಗಿ ಫೋನ್ ಒತ್ತಿದರು. ಕಾಂತರಾಜುವಿನ ಜೇಬು ನಡುಗಿತು. ಸದ್ದು ತೆಗೆದಿಟ್ಟಿದ್ದ, ಪುಣ್ಯ. ಕಿರುಬೆರಳು ತೋರಿಸಿ ಎದ್ದವನು ಹಿತ್ತಿಲಿಗೆ ಓಡಿ, ಸೌದೆ ಒಟ್ಟಿಲಿನ ಹಿಂದೆ ಬಗ್ಗಿ ತಾನೇ ಫೋನ್ ಮಾಡಿದ.

"ಕಾರು ನೋಡ್ದೆ. ಅಪ್ಪಟ ಸ್ವಂತದ್ದು. ಒಂದೇ ಕೈ ಓಡ್ಸಿರದು," ಎಂದ ದಪ್ಪ ದನಿಯಲ್ಲಿ. ಹೇಳುವಾಗ ನಾಲಿಗೆ ಒಂದು ಸಲ ತಡವರಿಸಿತು.

"ಬದುಕ್ಸಿದ್ರಿ ಸಾ. ಎಲ್ಲಿದೀರಾ? ರಸ್ತೇಲಿ ಕಾಣ್ನಿಲ್ವಲ್ಲ."

"ನೋಡ್ಕಂಡು ಬಂದ್ಬುಟ್ಟೆ. ದೇವಸ್ಥಾನದ ತಾವ ಇದೀನಿ."

ಅಷ್ಟರಲ್ಲಿ ಕೊಟ್ಟಿಗೆಯ ಹಸು ಅಂಬಾ ಎಂದಿತು.

"ಅದೇನ್ ಸಾ, ನಮ್ಮ ಗೌರಿ ಕೂಗ್ದಂಗಾಯ್ತು?"

"ಎಲ್ಲಾ ಅಸನೂ ಅಂಗೇ ಕೂಗದು," ಎಂದು ಕಾಂತರಾಜು ಫೋನ್ ಇಟ್ಟು ತಿರುಗಿದ. ಗೋಡೆಯ ಪಕ್ಕ ಕಷಾಯದ ಅಜ್ಜಿ ನಿಂತಿದ್ದಳು.

"ಗಂಟ್ಲು ಬುಡ್ತಾ ಮಗ?" ಎಂದಳು. ಅವನು ತಲೆಯಾಡಿಸಿದ. "ನಮ್ಮ ಕಸಾಯ ಅಂದ್ರೆ ಅಂಗೇ ಕಣಪ್ಪ," ಎಂದು ಅದನ್ನು ಊರಿಗೆಲ್ಲ ಹೇಳಲು ಅಜ್ಜಿ ಒಳಗೆ ಹೋದಳು.

ಒಳಗೆ ಹೋಗುವಷ್ಟರಲ್ಲಿ ಗಾಳಿಯೇ ಬದಲಾಗಿತ್ತು. ಪುಟ್ಟರಾಜು ಪಾಲಾಕ್ಷ ಮಾವನ ಕೈ ಹಿಡಿದುಕೊಂಡು ಕಲ್ಯಾಣ ಮಂಟಪದ ಮಾತಾಡುತ್ತಿದ್ದರು. ಮಾವ ಅದಾಗಲೇ ಎರಡು ಮಂಟಪ ಬೇಡ ಎಂದು ಮೂರನೆಯದಕ್ಕೆ ಬಂದಿದ್ದ. ಹುಡುಗ ಹುಡುಗಿ ಎರಡು ಮಾತಾಡಿಕೊಳ್ಳಲಿ ಎಂದು ಯಾರೋ ಅಂದರು. "ಕಾರಲ್ಲೇ ಕೂತ್ಕೊಂಡು ಮಾತಾಡ್ತೀವಪ್ಪ," ಎಂದಳು ನಿಸರ್ಗ. ಕಾಂತರಾಜುವಿಗೆ ಸ್ವರ್ಗ ಮೂರೇ ಗೇಣು ಉಳಿಯಿತು.

ನಿಸರ್ಗ ಕೇಳದೆಯೇ ಡ್ರೈವರ್ ಸೀಟಿನಲ್ಲಿ ಕೂತಳು. ಕೀ ತಿರುಗಿಸಿ, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳಿದಳು.

"ಬೆಲ್ಟು ಸ್ವಲ್ಪ ಸಡ್ಲ ಆಗದೆ ಅಲ್ವಾ?"

"ನಾನೂ ಅಂದ್ಕೊಂಡೆ," ಎಂದ ಕಾಂತರಾಜು. ಗಂಟಲು ಕಟ್ಟಿದ್ದು ಮರೆತೇ ಹೋಯಿತು.

"ಮೆಕ್ಯಾನಿಕ್ ಆಗ್ತೀನಿ ಅಂದೆ. ಎಣ್ಣುಡ್ಗಿ ಗ್ರೀಸ್ ಮೆತ್ಕೊಂಡು ನಿಂತ್ರೆ ಯಾರ್ ಮದ್ವೆ ಆಗ್ತಾರೆ ಅಂದ್ರು ಅಪ್ಪ. ಅದುಕ್ಕೇ ಡ್ರೈವಿಂಗ್ ಸ್ಕೂಲು."

"ನಾನಾಯ್ತೀನಿ," ಎಂದುಬಿಟ್ಟ ಕಾಂತರಾಜು. ನಿಸರ್ಗ ನಕ್ಕಳು. ಹತ್ತು ನಿಮಿಷ ಇಬ್ಬರೂ ಬಿಡುವಿಲ್ಲದೆ ಮಾತಾಡಿದರು. ಡೀಸಲ್ಲೋ ಪೆಟ್ರೋಲೋ, ಹಳೇ ಕಾರಿನ ಬಾಗಿಲಿಗೆ ಇದ್ದ ಭಾರ ಹೊಸದರಲ್ಲಿ ಎಲ್ಲಿದೆ, ಒಬ್ಬರು ಶುರು ಮಾಡಿದ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ಇಷ್ಟು ಸಂತೋಷ ತಡೆಯುವುದು ಹೇಗೆಂದು ಕಾಂತರಾಜುವಿಗೆ ತಿಳಿಯಲಿಲ್ಲ.

"ಒಂದು ಆಡು ಆಕ್ಲಾ?" ಎಂದು ನಿಸರ್ಗ ಕಾರಿನ ಸ್ಕ್ರೀನ್ ಮುಟ್ಟಿದಳು. ಈ ಕಾರಿಗೆ ಯಾವ್ಯಾವ ಫೋನುಗಳನ್ನು ಜೋಡಿಸಲಾಗಿತ್ತೋ ಅವುಗಳ ಪಟ್ಟಿ ತೆರೆದುಕೊಂಡಿತು. ಅವಳು ಓದತೊಡಗಿದಳು. "ಕಾಂತರಾಜು. ಇದು ನಿಮ್ದು. ಲೋಕೇಶ. ಮಧುಸೂದನ. ಪವಿ ಲವ್ಸ್ ಚಿನ್ನು. ಡಾಕ್ಟರ್ ಸುಹಾಸ್. ಮದುಮಗ ಯೋಗಿ." ಬೆರಳಲ್ಲಿ ಸರಿಸಿದಳು, ಪಟ್ಟಿ ಇನ್ನೂ ಇತ್ತು. "ಇವ್ರೆಲ್ಲ ಯಾರು?"

ಅಕ್ಷತೆ, ಟೇಪಿನ ಗುರುತು ಎಲ್ಲವನ್ನೂ ನೋಡಿದ್ದ ಕಾಂತರಾಜುವಿಗೆ ಈ ಪಟ್ಟಿ ಒಂದಿದೆ ಎಂಬುದೇ ನೆನಪಾಗಿರಲಿಲ್ಲ. ತಲೆ ತಗ್ಗಿಸಿದ. "ಕಾರು ಕೀರ್ತಿರಾಜ ಅಂತ ನನ್ ಫ್ರೆಂಡಿಂದು. ಮದ್ವೆಗೆ ಬಾಡಿಗೆ ಕೊಡ್ತಾನೆ. ನನ್ ಕಾರು ಜಗಲಿ ಮೇಲದೆ. ಬಿಚ್ಚಿರದು."

ನಿಸರ್ಗ ಪಟ್ಟಿ ಮುಚ್ಚಿದಳು. ಆಮೇಲೆ, "ಓಗ್ಲಿ ಬುಡಿ," ಎಂದಳು. "ಬಿಚ್ಚಿರದನ್ನ ಇಬ್ರೂ ಸೇರಿ ಜೋಡ್ಸಬೌದು. ಎಣ್ಣು ಸಿಗ್ಲಿ ಅಂತ ಒಂದ್ ಸುಳ್ಳೇಳಿದೀರ, ಎಲ್ಲಾ ಗಂಡಸ್ರೂ ಏಳದೇ. ನಂಗೆ ಕ್ವಾಪ ನಿಮ್ ಮ್ಯಾಲಲ್ಲ."

ಕಾಂತರಾಜುವಿಗೆ ಹೋದ ಜೀವ ಬಂತು. "ಮತ್ತೆ ಯಾರ್ ಮ್ಯಾಲೆ?"

"ಆ ಕಾರ್ ಸಾ ಮ್ಯಾಲೆ. ನಿಮ್ಗೆ ಗೊತ್ತಿರಲ್ಲ, ಗಂಡಿನ ಕಾರು ನೋಡಿ ಏಳೋರು ಒಬ್ರವ್ರೆ. ಮೂರು ವರ್ಸದಿಂದ ಅವ್ರ ಇಸ್ಯ ಕೇಳ್ಕಂಡು ಬಂದಿದೀನಿ. ಯಾರ ಮುಲಾಜಿಗೂ ಸುಳ್ಳೇಳೋರಲ್ಲ ಅಂತ ಎಷ್ಟು ನಂಬಿದ್ದೆ ಗೊತ್ತಾ. ಓದ್ ವರ್ಸ ಅಪ್ಪುಂಗೆ ಏಳ್ಬುಟ್ಟಿದ್ದೆ, ನಂಗೆ ಬ್ಯಾರೆ ಗಂಡು ನೋಡ್ಬ್ಯಾಡಿ, ಆ ಮನುಸ್ಯ ಯಾರು ಅಂತ ಉಡ್ಕಿ ಅಂತ. ಕಾರು ಇಲ್ದಿದ್ರೂ ಚಿಂತಿಲ್ಲ, ವಯಸ್ಸಾಗಿದ್ರೂ ಚಿಂತಿಲ್ಲ ಅಂದಿದ್ದೆ. ಅಪ್ಪುಂಗೆ ಸಿಗ್ನಿಲ್ಲ." ಅವಳ ಕಣ್ಣು ಕೆಂಪಾದವು. "ಇವತ್ತು ಅವ್ರೂ ಯಾರ ಕೈಲೋ ಏನೋ ಈಸ್ಕಂಡು, ಇದು ಸ್ವಂತದ್ದು ಅಂತ ಏಳವ್ರೆ. ನೀವಾದ್ರೂ ತಪ್ಪು ಒಪ್ಕಂಡ್ರಿ. ಅವ್ರು ಮಾತ್ರ ನನ್ ಕಣ್ಮುಂದೆ ಬಂದ್ರೆ ಬುಡಲ್ಲ ನಾನು."

ಕಾಂತರಾಜು ನಾನೇ ಅವನು ಎಂದರೆ ಕೆಟ್ಟ, ಅನ್ನದಿದ್ದರೆ ಮಾತ್ರ ಉಳಿದ. ಅನ್ನುವುದು ಬೇಡ ಎಂದು ತೀರ್ಮಾನಿಸಿದ. ನಾಳೆಯಿಂದ ಕಾರ್ ಸಾ ಸತ್ತ, ಕಾಂತರಾಜುವಿಗೆ ಮದುವೆ. ಅಷ್ಟೇ ತಾನೇ.

"ನೀವು ಏಳದು ಸರಿ," ಎಂದ ಧೈರ್ಯವಾಗಿ. "ಅಂತೋರ್ನ ನಂಬ್ಬಾರ್ದು."

ಆಗ ಕಾರಿನ ನಾಲ್ಕೂ ಸ್ಪೀಕರುಗಳು ಒಟ್ಟಿಗೆ ರಿಂಗಾಗತೊಡಗಿದವು. ಜೇಬಿನ ಫೋನಿಗೆ ಸದ್ದಿರಲಿಲ್ಲ, ಕಾರಿಗೆ ಇತ್ತು. ಸ್ಕ್ರೀನಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬಂತು, ಪುಟ್ಟರಾಜು, ನುಗ್ಗೇಹಳ್ಳಿ. ಪಕ್ಕದಲ್ಲಿ ನಿಸರ್ಗಳ ಅಪ್ಪನದೇ ನಂಬರು. ಕಾಂತರಾಜು ಕೈ ಚಾಚುವ ಮೊದಲೇ ನಿಸರ್ಗ ಹಸಿರು ಗುಂಡಿ ಒತ್ತಿದಳು.

"ಕಾರ್ ಸಾ," ಎಂದಿತು ಪುಟ್ಟರಾಜುವಿನ ದನಿ, ಕಾರಿನ ತುಂಬ. "ಎಲ್ಲಿದೀರಾ? ಎಲೆ ಆಕ್ತಾ ಅವ್ರೆ, ಊಟುಕ್ಕೆ ಬನ್ನಿ ಸಾ. ನಿಮ್ಮೊಂದು ಮಾತಿನ ಮ್ಯಾಲೆ ಎಣ್ಣು ಕೊಡ್ತಾ ಇದೀವಿ. ನಿಮ್ ಮಖ ನೋಡ್ದೆ ಎಂಗೆ ಕಳ್ಸದು?"

ನಿಸರ್ಗ ಕಾಂತರಾಜುವಿನ ಮುಖವನ್ನು ಒಂದು ನಿಮಿಷ ನೋಡಿದಳು. ಕೀ ತಿರುಗಿಸಿ ಎಂಜಿನ್ ಆರಿಸುವ ಮುಂಚೆ ಸ್ಕ್ರೀನಿನ ಕಡೆ ಬಗ್ಗಿ ನಿಧಾನವಾಗಿ ಹೇಳಿದಳು.

"ಅಪ್ಪ, ಕಾರ್ ಸಾ ಸಿಕ್ಕವ್ರೆ, ಕರ್ಕಂಡ್ ಬತ್ತಾ ಇದೀನಿ. ಗಂಡು ಮಾತ್ರ ಊಟ ಮಾಡ್ದೇ ಓಯ್ತಾರಂತೆ, ಅವ್ರ ಎಲೆ ಎತ್ಸಿ."