ಮುಗಿದ ಸಾಲಿನಲ್ಲಿ ಕೂತ ಹಳದಿ ಚೀಟಿಯವರಿಗೆ

ಮಾನ್ಯ ಹಳದಿ ಚೀಟಿಯವರೇ,

ಮೂರನೇ ಮಹಡಿಯ ಸಭಾಕೋಣೆಯ ಬಿಳಿ ಗೋಡೆಯ ಮೇಲೆ, ಎಡದಿಂದ ಮೂರನೆಯ ಸಾಲಿನಲ್ಲಿ, ಫ್ಯಾನಿನ ಗಾಳಿಗೆ ಒಂದು ಮೂಲೆಯನ್ನು ಅಲ್ಲಾಡಿಸುತ್ತ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲವೆಂದು ಗೊತ್ತಿದ್ದೂ ಗೌರವದಲ್ಲಿ ಕೊರತೆಯಾಗಬಾರದೆಂಬ ಒಂದೇ ಕಾರಣಕ್ಕೆ, ಮೊದಲು ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ, ಬೆನ್ನಿನ ಅಂಟು ಇನ್ನೂ ಒಣಗಿಲ್ಲ ಎಂದು ನಂಬಿದ್ದೇನೆ. ಗಂಟಲೊಂದನ್ನು ಬಿಟ್ಟರೆ ನಾನೂ ಕ್ಷೇಮ.

ತಮಗೆ ನನ್ನ ಗುರುತು ಸಿಗದಿರಬಹುದು. ನಾನು ಕಣ್ಣಿನ ಆಸ್ಪತ್ರೆಯ ಟೋಕನ್ ಕಿಟಕಿಯವಳು. ‘ಇಪ್ಪತ್ತೇಳೂ... ಯಾರ್ರೀ ಇಪ್ಪತ್ತೇಳು?’ ಎಂದು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕೂಗುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಉದ್ಯೋಗ. ಮನೆಯಲ್ಲಿ ಊಟಕ್ಕೆ ಕರೆದರೂ ನಾಲ್ಕು ಮನೆಯವರು ಕೈ ತೊಳೆದುಕೊಳ್ಳುತ್ತಾರೆಂದು ನಮ್ಮ ಯಜಮಾನರು ರೇಗಿಸುವುದುಂಟು. ಆಸ್ಪತ್ರೆಯವರು ಕೊನೆಗೂ ನನ್ನ ಗಂಟಲಿನ ಮೇಲೆ ಕನಿಕರಪಟ್ಟು, ಸರದಿ ಬಂದವರ ಸಂಖ್ಯೆಯನ್ನು ತಾನೇ ತೋರಿಸುವ ದೊಡ್ಡ ಪರದೆಯೊಂದನ್ನು ತರಿಸಿ, ಅದನ್ನು ನಡೆಸುವ ಸಾಫ್ಟ್‌ವೇರನ್ನು ತಾವಿರುವ ಕಚೇರಿಗೆ ವಹಿಸಿದರು. ಬಳಸುವವರ ಕಡೆಯವರೊಬ್ಬರು ಜೊತೆಗಿರಬೇಕು ಎಂಬ ನಿಯಮದ ಪ್ರಕಾರ ವಾರಕ್ಕೆ ಮೂರು ದಿನ ನನ್ನನ್ನೂ ಅದೇ ಕಚೇರಿಗೆ ಕಳುಹಿಸಿದರು.

ತಮ್ಮ ಜನನವಾದದ್ದು ನಾನು ಹೋದ ಮೊದಲ ದಿನವೇ. ಪರದೆಯ ಮಾದರಿಯನ್ನು ತೋರಿಸಿ ಹೇಗಿದೆ ಎಂದು ಕೇಳಿದರು. ಬಣ್ಣ ಚೆನ್ನಾಗಿತ್ತು, ಆಸ್ಪತ್ರೆಯ ಹೆಸರು ದೊಡ್ಡದಾಗಿತ್ತು, ಮೋಡಗಳು ತೇಲುತ್ತಿದ್ದವು, ಕೆಳಗೆ ಬಲಮೂಲೆಯಲ್ಲಿ ರೋಗಿಯ ಸಂಖ್ಯೆ ಸಾಸಿವೆ ಕಾಳಿನಷ್ಟಿತ್ತು. ಕಣ್ಣು ಚೆನ್ನಾಗಿ ಕಾಣುವವರು ನಮ್ಮ ಆಸ್ಪತ್ರೆಗೆ ಬರುವುದು ಕಡಿಮೆ ಎಂದು ನಾನು ವಿನಯದಿಂದ ಅರಿಕೆ ಮಾಡಿಕೊಂಡೆ. ಪರದೆಯ ಪ್ರೋಗ್ರಾಂ ಬರೆಯುವ ಹೆಣ್ಣುಮಗಳು, ಅವಳಿಗೂ ಸೋಡಾ ಬಾಟಲಿಯ ತಳದಂಥ ಕನ್ನಡಕ, ನಕ್ಕು, ತಕ್ಷಣ ತಮ್ಮನ್ನು ಕಟ್ಟಿನಿಂದ ಕಿತ್ತು, ತಮ್ಮ ಮೈಮೇಲೆ ‘ಸಂಖ್ಯೆಯ ಅಕ್ಷರ ದೊಡ್ಡದು ಮಾಡುವುದು’ ಎಂದು ಬರೆದು, ‘ಮಾಡಬೇಕಾದದ್ದು’ ಎಂಬ ಮೊದಲ ಸಾಲಿಗೆ ಅಂಟಿಸಿದಳು. ಹತ್ತು ನಿಮಿಷದ ಕೆಲಸ ಎಂದಳು. ಇದು ಹದಿನಾಲ್ಕು ತಿಂಗಳ ಹಿಂದಿನ ಮಾತು.

ಈ ಹದಿನಾಲ್ಕು ತಿಂಗಳಲ್ಲಿ ತಾವು ಕಲಿಸಿದ ಪಾಠಗಳಿಗೆ ನಾನು ಋಣಿ. ಸಾಫ್ಟ್‌ವೇರ್ ಕಟ್ಟಲು ಎರಡು ಪದ್ಧತಿಗಳಿವೆಯೆಂಬುದು ನನಗೆ ಗೊತ್ತೇ ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಎಲ್ಲವನ್ನೂ ಮೊದಲೇ ಯೋಚಿಸಿ, ದಪ್ಪ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಒಂದು ಹಂತ ಮುಗಿದ ಮೇಲೆ ಇನ್ನೊಂದು ಹಂತಕ್ಕೆ ಹೋಗುವುದಂತೆ. ಹಿಂದಕ್ಕೆ ತಿರುಗಿ ನೋಡುವಂತಿಲ್ಲ. ಅಜೈಲ್ ಎಂಬ ಹೊಸ ಪದ್ಧತಿಯಲ್ಲಿ ಕೆಲಸವನ್ನು ಸಣ್ಣ ಸಣ್ಣ ಚೀಟಿಗಳಾಗಿ ಹರಿದು, ಹದಿನೈದು ದಿನಕ್ಕೊಮ್ಮೆ ಆದಷ್ಟನ್ನು ಬಳಸುವವರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದಿಕೊಳ್ಳುತ್ತ ಹೋಗುವುದಂತೆ. ಎರಡರಲ್ಲೂ ಇರುವ ಒಳ್ಳೆಯದನ್ನು ಬೆರೆಸಿ ಮೂರನೆಯದೊಂದನ್ನು ಮಾಡಿದವರು ಇಲ್ಲಿನ ವಿಧಾನ ಮುಖ್ಯಸ್ಥರು. ಮಾತಿಗೊಮ್ಮೆ ‘ಇದು ಎರಡರ ಸಂಗಮ’ ಎನ್ನುವ ಅವರಿಗೆ ಕಚೇರಿಯಲ್ಲಿ ಸಂಗಮ ಸರ್ ಎಂದೇ ಹೆಸರು. ಮನುಷ್ಯ ಒಳ್ಳೆಯವರು, ನಯವಾಗಿ ಮಾತನಾಡುತ್ತಾರೆ, ಯಾರ ಹುಟ್ಟುಹಬ್ಬವನ್ನೂ ಮರೆಯುವುದಿಲ್ಲ.

ಸಂಗಮ ಹೇಗಿತ್ತೆಂದರೆ, ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಹೊಸ ಪದ್ಧತಿಯಂತೆ ಎಲ್ಲರೂ ಗೋಡೆಯ ಮುಂದೆ ನಿಂತು, ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ ಎಂದು ಕಾಲು ಗಂಟೆಯಲ್ಲಿ ಹೇಳಿ ಮುಗಿಸುತ್ತಿದ್ದೆವು. ಆಮೇಲೆ ಹಳೆಯ ಪದ್ಧತಿಯಂತೆ ಎರಡು ಗಂಟೆ ಕೂತು, ನಿಂತು ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಪರದೆಯನ್ನು ತೋರಿಸಿ, ಚಪ್ಪಾಳೆ ತಟ್ಟಿ, ಏನು ಬದಲಾಗಬೇಕು ಸಂಕೋಚವಿಲ್ಲದೆ ಹೇಳಿ ಎನ್ನುತ್ತಿದ್ದರು. ನಾನು ಸಂಕೋಚವಿಲ್ಲದೆ ಹೇಳುತ್ತಿದ್ದೆ. ಹೇಳಿದ್ದನ್ನು ಮೂರು ತಿಂಗಳಿಗೊಮ್ಮೆ ಕೂಡುವ ಬದಲಾವಣೆ ಸಮಿತಿಗೆ ಕಳುಹಿಸುತ್ತಿದ್ದರು. ಅಕ್ಷರದ ಅಳತೆ ವಿನ್ಯಾಸದ ಹಂತಕ್ಕೆ ಸೇರಿದ್ದು, ವಿನ್ಯಾಸದ ಹಂತ ಸಹಿಯಾಗಿ ಮುಗಿದಿದೆ ಎಂದು ಸಮಿತಿ ಅಷ್ಟೇ ನಯವಾಗಿ ಉತ್ತರಿಸುತ್ತಿತ್ತು.

ಎರಡನ್ನು ಬೆರೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಅಪಾರ್ಥ ಮಾಡಿಕೊಳ್ಳಬಾರದು. ಟೋಕನ್ ಕಿಟಕಿಯಲ್ಲಿ ನಾವು ಬೆರೆಸಿಕೊಂಡೇ ಬದುಕಿದ್ದೇವೆ. ಯಾವ ರೋಗಿಯ ಎಡಗಣ್ಣಿಗೆ ಶಸ್ತ್ರಚಿಕಿತ್ಸೆ, ಯಾರದು ಬಲಗಣ್ಣು ಎಂಬುದನ್ನು ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ, ಯಾರಪ್ಪ ಬಂದು ಹೇಳಿದರೂ ತಿದ್ದುವುದಿಲ್ಲ. ಸರತಿ ಸಾಲು ಕಿಟಕಿಯಿಂದ ಬಾಗಿಲಿಗೋ ಬಾಗಿಲಿಂದ ಕಿಟಕಿಗೋ ಎಂಬುದನ್ನು ಬಂದ ಜನರನ್ನು ನೋಡಿ ದಿನಾ ಬದಲಾಯಿಸುತ್ತೇವೆ. ತಮ್ಮ ಗೋಡೆಯಲ್ಲಿ ಮಾತ್ರ ಇದು ತಿರುವುಮುರುವಾಯಿತು. ಟೋಕನ್ ಕೊಡುವಾಗ ನಾವು ಅದೇ ಸಾಫ್ಟ್‌ವೇರಿನಲ್ಲಿ ರೋಗಿಯ ಕಣ್ಣು ಎಡ, ಬಲ ಎಂದು ಗುರುತು ಹಾಕುವ ಚೌಕಗಳು ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸುತ್ತಲೇ ಇದ್ದವು, ಒಮ್ಮೆ ಮೇಲೆ ಕೆಳಗೆ, ಒಮ್ಮೆ ಅಕ್ಕಪಕ್ಕ, ಒಮ್ಮೆ ಬಲ ಎಡಕ್ಕೆ ಮತ್ತು ಎಡ ಬಲಕ್ಕೆ, ಪ್ರತಿಸಲವೂ ಚಪ್ಪಾಳೆ. ಸಾಸಿವೆ ಕಾಳು ಮಾತ್ರ ಪುಸ್ತಕದಲ್ಲಿ ಸಹಿಯಾಗಿ, ಅಲುಗದೆ ಉಳಿಯಿತು.

ಹೀಗಿರುವಾಗ ಒಂದು ಶುಕ್ರವಾರ ತಾವು ಗಾಳಿಗೆ ಕೆಳಗೆ ಬಿದ್ದಿರಿ. ತಮ್ಮನ್ನು ದೂರುತ್ತಿಲ್ಲ, ಹನ್ನೊಂದು ತಿಂಗಳು ಒಂದೇ ಕಡೆ ಅಂಟಿಕೊಂಡಿರಲು ನನ್ನಿಂದಲೂ ಆಗುತ್ತಿರಲಿಲ್ಲ. ಕಸ ಗುಡಿಸುವ ದೊಡ್ಡಮ್ಮ ತಮ್ಮನ್ನು ಕಸದ ಬುಟ್ಟಿಗೆ ಹಾಕದೆ, ಯಾರದೋ ಕೆಲಸದ ಕಾಗದವೆಂದು ಸೆರಗಿನಿಂದ ಧೂಳು ಒರೆಸಿ, ಗೋಡೆಗೇ ಮರಳಿ ಅಂಟಿಸಿದರು. ಯಾವ ಸಾಲು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಕೇಳಿದಾಗ, ‘ಅಲ್ಲೇ ಜಾಗ ಜಾಸ್ತಿ ಇತ್ತಲ್ಲಮ್ಮ’ ಎಂದರು. ಆ ಗೋಡೆಯಲ್ಲಿ ಜಾಗ ಜಾಸ್ತಿ ಇದ್ದದ್ದು ‘ಮುಗಿದದ್ದು’ ಎಂಬ ಮೂರನೆಯ ಸಾಲಿನಲ್ಲಿ.

ಪ್ರತಿ ಶುಕ್ರವಾರ ಸಂಜೆ ಗೋಡೆಯ ಫೋಟೋ ತೆಗೆದು, ಮೂರನೆಯ ಸಾಲಿನಲ್ಲಿದ್ದದ್ದನ್ನೆಲ್ಲ ದಪ್ಪ ಪುಸ್ತಕಕ್ಕೆ ಏರಿಸಿ ಐದು ಜನ ಸಹಿ ಹಾಕುವುದು ಸಂಗಮದ ಹೃದಯಭಾಗ ಎಂಬುದು ತಮಗೆ ತಿಳಿದದ್ದೇ. ಪುಸ್ತಕದವರು ಸರಿಯಾಗಿ ಪರೀಕ್ಷಿಸುತ್ತಾರೆ ಎಂದು ಗೋಡೆಯವರು ಸುಮ್ಮನಿದ್ದರು. ಗೋಡೆಯವರು ಪರದೆಯಲ್ಲಿ ನೋಡಿಯೇ ಅಂಟಿಸಿರುತ್ತಾರೆ ಎಂದು ಪುಸ್ತಕದವರು ಸಹಿ ಹಾಕಿದರು. ಹಾಗೆ, ಯಾರೂ ಏನೂ ಮಾಡದೆ, ಅಕ್ಷರ ದೊಡ್ಡದಾಯಿತು. ಮನುಷ್ಯರ ಕೈ ತಾಗದೆ ಕೆಲಸ ಪೂರೈಸಿದ ತಮ್ಮ ಕಾರ್ಯದಕ್ಷತೆಗೆ ಆ ತಿಂಗಳು ಸಭಾಕೋಣೆಯಲ್ಲಿ ಕೇಕ್ ಕತ್ತರಿಸಿದ್ದನ್ನೂ, ನಾನು ಒಂದು ತುಂಡು ತಿಂದದ್ದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಐದನೆಯ ಸಹಿ ನನ್ನದು. ಬಸ್ಸಿಗೆ ಹೊತ್ತಾಗಿತ್ತು, ಬ್ಯಾಗು ಹೆಗಲಿಗೇರಿತ್ತು, ಎಪ್ಪತ್ತು ಸಾಲುಗಳ ಪಟ್ಟಿಯನ್ನು ಮುಂದಿಟ್ಟರು, ಓದದೆ ಗೀಚಿ ಹೊರಟುಬಿಟ್ಟೆ. ತಿಂಗಳುಗಟ್ಟಲೆ ಎಲ್ಲರ ತಲೆ ತಿಂದವಳು ಅದೇ ಕೆಲಸಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ವಾರ ಪರದೆಯಲ್ಲಿ ಅದೇ ಸಾಸಿವೆ ಕಾಳನ್ನು ಕಂಡು ಹೌಹಾರಿ, ಬದಲಾವಣೆ ಅರ್ಜಿ ತುಂಬಿದೆ. ಮುಗಿಯದ ಕೆಲಸಗಳಿಗೆ ಮಾತ್ರ ಅರ್ಜಿ ಸಲ್ಲುತ್ತದೆ ಎಂದು ಹಿಂದಿರುಗಿಸಿದರು. ಸಂಗಮ ಸರ್ ಪುಸ್ತಕ ತೆಗೆದು ನನ್ನದೇ ಸಹಿಯನ್ನು ಪ್ರೀತಿಯಿಂದ ತೋರಿಸಿದರು. ಪ್ರೋಗ್ರಾಂ ಬರೆಯುವವಳು, ‘ಹತ್ತೇ ನಿಮಿಷದ ಕೆಲಸ ಅಕ್ಕಾ, ಆದ್ರೆ ಮುಗಿದಿರೋ ಕೆಲಸಾನ ಯಾವ ಚೀಟಿ ಲೆಕ್ಕಕ್ಕೆ ಹಾಕ್ಲಿ ಹೇಳಿ’ ಎಂದು ಕೈ ಚೆಲ್ಲಿದಳು.

ಮಾನ್ಯರೇ, ಇಷ್ಟೇ ಆಗಿದ್ದರೆ ನಾನು ತಮಗೆ ಕಾಗದ ಬರೆಯುವ ಉದ್ಧಟತನ ಮಾಡುತ್ತಿರಲಿಲ್ಲ. ಹೋದ ಸೋಮವಾರ ನಮ್ಮ ಆಸ್ಪತ್ರೆಯಲ್ಲಿ ಪರದೆಯ ಪ್ರಯೋಗ ಶುರುವಾಯಿತು. ಪ್ರಯೋಗ ಕೆಡುತ್ತದೆ, ಆದ್ದರಿಂದ ಯಾವ ಕಾರಣಕ್ಕೂ ಬಾಯಿ ಬಿಡಬಾರದು ಎಂದು ನನಗೆ ಕಟ್ಟಪ್ಪಣೆಯಾಗಿತ್ತು. ಅಂದು ನಲವತ್ತೊಂದನೆಯ ಟೋಕನ್ ಒಬ್ಬ ಹೊಲಿಗೆ ಅಜ್ಜಿಯದು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಪಕ್ಕದ ಮನೆಯ ಸೊಸೆ ಬೆಳಿಗ್ಗೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಕೊಟ್ಟು ಕೆಲಸಕ್ಕೆ ಹೋಗುತ್ತಾಳೆ. ಇಪ್ಪತ್ತೂ ಖಾಲಿಯಾದ ಹೊತ್ತಿಗೆ ಅಜ್ಜಿಯ ದಿನ ಮುಗಿಯುತ್ತದೆ. ಅವರು ಪರದೆಯ ಕೆಳಗಿನ ಮೊದಲ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಮೋಡಗಳನ್ನೇ ನೋಡುತ್ತ ಕೂತಿದ್ದರು. ಹನ್ನೊಂದು ಗಂಟೆಗೆ ನಲವತ್ತೊಂದು ಮೂರು ಸಲ ಮಿನುಗಿ, ಯಾರೂ ಏಳದಿದ್ದುದರಿಂದ ‘ಗೈರುಹಾಜರು’ ಎಂದಾಗಿ, ಅವರ ಶಸ್ತ್ರಚಿಕಿತ್ಸೆಯ ದಿನ ಮುಂದಿನವರಿಗೆ ಹೋಯಿತು. ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಅಪ್ಪಣೆ ಮೀರಿ ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ.

ನಾಲ್ಕು ಗಂಟೆಗೆ ಕಿಟಕಿಯ ಬಳಿ ಬಂದು ಅಜ್ಜಿ, ‘ಇವತ್ತು ನಲವತ್ತೊಂದರವರೆಗೂ ಬರ್ಲೇ ಇಲ್ವೇನೇ ಮಗಳೇ? ಪಾಪ, ಡಾಕ್ಟ್ರಿಗೂ ಸುಸ್ತಾಗಿರುತ್ತೆ ಬಿಡು’ ಎಂದು, ಚೀಟಿಯನ್ನು ನನ್ನ ಮುಂದೆ ಮಡಿಸಿಟ್ಟು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ. ನಾಳೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತಾವು ದಯಮಾಡಿ ಮೂರನೆಯ ಸಾಲಿನಿಂದ ಎದ್ದು, ‘ಮಾಡುತ್ತಿರುವುದು’ ಎಂಬ ಎರಡನೆಯ ಸಾಲಿನಲ್ಲಿ ಬೇಕಾದರೆ ಸ್ವಲ್ಪ ದಣಿವಾರಿಸಿಕೊಂಡು, ಮೊದಲ ಸಾಲಿಗೆ ನಡೆದು ಬರಬೇಕು. ನಡೆಯಲು ಅನನುಕೂಲವಿದ್ದರೆ, ಮುಂದಿನ ಸಲ ಬೀಳುವಾಗ ನೆಲಕ್ಕೆ ಬೀಳದೆ ಸಂಗಮ ಸರ್ ಅವರ ಕನ್ನಡಕದ ಮೇಲೆ ಬಿದ್ದು, ಒಂದು ಇಡೀ ದಿನ ಅಲ್ಲೇ ಅಂಟಿಕೊಂಡಿರಬೇಕು. ಅದೂ ಆಗದಿದ್ದರೆ, ಐದು ಸಹಿಗಳಲ್ಲಿ ನನ್ನದೊಂದನ್ನಾದರೂ ಅಳಿಸಿಕೊಡಬೇಕು.

ಮಂಗಳವಾರ ಇಷ್ಟು ಬರೆದು ಕಾಗದವನ್ನು ಮಡಿಸಿಟ್ಟಿದ್ದೆ. ಬುಧವಾರ ಕಚೇರಿಗೆ ತಂದು ತಮ್ಮ ಪಕ್ಕದಲ್ಲೇ ಅಂಟಿಸುವ ಯೋಚನೆಯಿತ್ತು. ಅಷ್ಟರಲ್ಲಿ ಪ್ರೋಗ್ರಾಂ ಬರೆಯುವವಳು ಏನಕ್ಕಾ ಸಪ್ಪಗಿದ್ದೀರಿ ಎಂದು ಕೇಳಿದ್ದಕ್ಕೆ, ಅಜ್ಜಿಯ ನಲವತ್ತೊಂದರ ಚೀಟಿಯನ್ನು ಅವಳ ಮೇಜಿನ ಮೇಲಿಟ್ಟೆ. ಸೂಜಿಗಳ ವಿಷಯವನ್ನೂ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು, ತಮ್ಮ ಕಡೆಗೆ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ಮುಚ್ಚಿ, ಊಟವನ್ನು ಬದಿಗಿಟ್ಟು, ಕೀಲಿಮಣೆ ಎಳೆದುಕೊಂಡಳು. ‘ಅಲ್ಲಾ ಅಕ್ಕಾ, ಪುಸ್ತಕದಲ್ಲಿ ಮುಗಿದಿದೆ, ಗೋಡೆ ಮೇಲೂ ಮುಗಿದಿದೆ. ಮುಗಿದಿರೋದನ್ನ ಮಾಡಿದ್ರೆ ಯಾರು ಬಂದು ಕೇಳ್ತಾರೆ?’ ಎಂದಳು. ಹತ್ತು ನಿಮಿಷ ಎಂದಿದ್ದಳಲ್ಲ, ಏಳು ನಿಮಿಷ ಹಿಡಿಯಿತು. ಮೋಡಗಳು ಹೋದವು, ಆಸ್ಪತ್ರೆಯ ಹೆಸರು ಮೂಲೆಗೆ ಸರಿಯಿತು, ಸಂಖ್ಯೆ ಪರದೆಯ ತುಂಬ ಬಂತು. ಮರುದಿನ ಬೆಳಿಗ್ಗೆ ಗೋಡೆಯ ಮುಂದೆ ನಿಂತು ನಡೆಸುವ ಸಭೆಯಲ್ಲಿ ಯಾರೂ ಚಕಾರವೆತ್ತಲಿಲ್ಲ, ಏಕೆಂದರೆ ದಾಖಲೆಯ ಪ್ರಕಾರ ಏನೂ ಬದಲಾಗಿರಲಿಲ್ಲ.

ಶುಕ್ರವಾರ ಅಜ್ಜಿ ಹೊಸ ಟೋಕನ್ನಿಗೆ ಬಂದರು. ಸಂಖ್ಯೆ ಹನ್ನೆರಡು. ಈ ಸಲ ಯಾರು ಏನೇ ಅನ್ನಲಿ ಎಂದು ನಾನು ನೀರು ಕುಡಿದು ಗಂಟಲು ಸರಿಪಡಿಸಿಕೊಂಡು ಕೂತಿದ್ದೆ. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಮೂರನೆಯ ಬೆಂಚಿನಿಂದ, ‘ಹನ್ನೆರಡು! ನಂದೇ, ನಂದೇ!’ ಎಂದು ಅಜ್ಜಿ ಚೀಲ ಎತ್ತಿಕೊಂಡು ಎದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಕಿಟಕಿಯ ಮುಂದೆ ಒಬ್ಬರು ತಮ್ಮ ಸಂಖ್ಯೆಯನ್ನು ತಾವೇ ಕೂಗಿದ್ದನ್ನು ಕೇಳಿದೆ. ಮುಂದಿನ ಗುರುವಾರ ಅವರಿಗೆ ಶಸ್ತ್ರಚಿಕಿತ್ಸೆ.

ಆದುದರಿಂದ, ಮಾನ್ಯರೇ, ಮೇಲಿನ ನನ್ನ ಪ್ರಾರ್ಥನೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವು ಎಲ್ಲಿಗೂ ನಡೆಯಬೇಕಾಗಿಲ್ಲ. ಮೂರನೆಯ ಸಾಲಿನಲ್ಲಿ ತಾವು ಕೂತಿರುವುದು ಈಗ ನಿಜವಾಗಿಯೂ ತಮ್ಮ ಜಾಗದಲ್ಲಿ. ಗಟ್ಟಿಯಾಗಿ ಅಂಟಿಕೊಂಡಿರಿ, ಬಿದ್ದರೆ, ಮುಗಿದ ಕೆಲಸ ಮುಗಿದಿಲ್ಲವೆಂದು ಯಾರಾದರೂ ಸಮಿತಿ ಕರೆದಾರು.

ಇಂತು, ತಮ್ಮ ಪರವಾಗಿ ಓದದೆ ಸಹಿ ಹಾಕಿದವಳೂ, ಇನ್ನು ಮುಂದೆ ಓದದೆ ಹಾಕದವಳೂ ಆದ,

ತಮ್ಮ ವಿಶ್ವಾಸಿ,
ಟೋಕನ್ ಕಿಟಕಿಯ ಅಕ್ಕ

ಮತ್ತೆ ಬರೆದದ್ದು: ಸಂಗಮ ಸರ್ ಅವರಿಗೂ ಒಂದು ಕಣ್ಣಿಗೆ ಪೊರೆ ಬಂದಿದೆಯಂತೆ, ಅದೇ ಗುರುವಾರ ಶಸ್ತ್ರಚಿಕಿತ್ಸೆಗೆ ನಮ್ಮಲ್ಲಿಗೇ ಬರುತ್ತಿದ್ದಾರೆ. ಎಡ, ಬಲ ಎಂದು ಗುರುತು ಹಾಕುವ ಚೌಕಗಳು ಈ ಹದಿನೈದು ದಿನದ ಚಪ್ಪಾಳೆಯಲ್ಲಿ ಮತ್ತೆ ಜಾಗ ಬದಲಿಸಿವೆ, ನಮಗಿನ್ನೂ ಅಭ್ಯಾಸವಾಗಿಲ್ಲ. ತಮ್ಮ ಬಂಧುಗಳಲ್ಲೊಬ್ಬರನ್ನು ಅವರ ಸರಿಯಾದ ಹುಬ್ಬಿನ ಮೇಲೆ ಅಂಟಿಸಿ ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ. ದಾರಿಯಲ್ಲಿ ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ನಮ್ಮ ಆಸ್ಪತ್ರೆಯಲ್ಲೂ ಒಬ್ಬ ದೊಡ್ಡಮ್ಮ ಕಸ ಗುಡಿಸುತ್ತಾರೆ, ಅವರೂ ಬಿದ್ದ ಕಾಗದವನ್ನು ಜಾಗ ಇದ್ದ ಕಡೆ ಅಂಟಿಸುವವರೇ.