ಒಂದೇ ಪ್ಲಗ್ಗು, ಮೂರು ಪೆಡಲು

ಈ ಅನಾಹುತಕ್ಕೆಲ್ಲ ಕಾರಣ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆಯಲ್ಲಿ ಖಾಲಿ ಉಳಿದಿದ್ದ ಒಂದೇ ಒಂದು ಪ್ಲಗ್ಗು. ಅದರ ಪಕ್ಕ ಇನ್ನೆರಡು ಇದ್ದಿದ್ದರೆ ನಮ್ಮ ತಕ್ಕಡಿ ಇಷ್ಟು ಹೊತ್ತಿಗೆ ಜಗತ್ಪ್ರಸಿದ್ಧನಾಗಿರುತ್ತಿದ್ದ. ಎಕ್ಸ್‌ಟೆನ್ಶನ್ ಬೋರ್ಡ್ ಹಾಕಬಹುದಿತ್ತಲ್ಲ ಎಂದು ಕೇಳಬೇಡಿ. ಒಮ್ಮೆ ಹಾಕಿದ್ದರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರು ಕುರ್ಚಿ ಸಮೇತ ಚಾವಣಿ ಸೇರಿ, ಏಣಿ ತಂದು ಇಳಿಸಬೇಕಾಯಿತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಏಣಿ ಹಿಡಿದವನು ನಾನೇ.

ತಕ್ಕಡಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿರುವವನು. ಗಿರಾಕಿ ಹೊಸ್ತಿಲು ದಾಟುವುದರೊಳಗೆ ಆ ಮೂಗಿಗೆ ಯಾವ ಫ್ರೇಮು ಎಂದು ಹೇಳಬಲ್ಲ. ತನ್ನ ವಿಷಯ ಬಂದರೆ ಮಾತ್ರ ಅವನ ಮನಸ್ಸು ಆ ಕಡೆ ಈ ಕಡೆ ತೂಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹೆಸರು ಬಂದದ್ದೇ ಹಾಗೆ. ಚಪ್ಪಲಿ ಕೊಳ್ಳಲು ಹೋಗಿ ಕಪ್ಪೋ ಕಂದೋ ತೀರ್ಮಾನವಾಗದೆ ಎಡಗಾಲಿಗೆ ಕಪ್ಪು, ಬಲಗಾಲಿಗೆ ಕಂದು ಹಾಕಿಕೊಂಡು ಮನೆಗೆ ಬಂದವನು. ಹೆಂಡತಿಯೇ ಮುಂದಾಗಿ ಇವನನ್ನು ಒಪ್ಪಿದ್ದರಿಂದ ಮದುವೆಯಾಯಿತು. ಇಲ್ಲದಿದ್ದರೆ ಇನ್ನೂ ಯೋಚಿಸುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಎರಡನೇ ಮನಸ್ಸಿರಲಿಲ್ಲ. ಗಿಟಾರ್ ಬಾರಿಸಬೇಕು, ಜನರ ಮುಂದೆ ಬಾರಿಸಬೇಕು. ಇಷ್ಟು ವರ್ಷ ಕೇಳಿದ್ದು ಬಚ್ಚಲುಮನೆಯ ಬಕೆಟ್ಟು ಮಾತ್ರ. ಈಗ ಹಲ್ಲಿನ ಡಾಕ್ಟರ ಬ್ಯಾಂಡಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಡಾಕ್ಟರೇ ಡ್ರಮ್ ಬಾರಿಸುವವರು. ಹಳೆಯ ಗಿಟಾರಿನವನು ಅವರ ಕೈಯಲ್ಲಿ ಹಲ್ಲು ಕೀಳಿಸಿಕೊಂಡ ಮೇಲೆ ಮಾತು ಬಿಟ್ಟಿದ್ದ. ಆ ಜಾಗಕ್ಕೆ ತಕ್ಕಡಿಯ ಜೊತೆ ಇನ್ನೊಬ್ಬ ಉಮೇದುವಾರನೂ ಇದ್ದ: ಎರಡು ದಿನಕ್ಕೆಂದು ತಕ್ಕಡಿಯ ಮನೆಗೆ ಬಂದು ಮೂರು ತಿಂಗಳಿಂದ ಸೋಫಾ ಬಿಟ್ಟೇಳದ ಅವನ ಭಾವಮೈದ. ಅವನಿಗೆ ಬರುತ್ತಿದ್ದದ್ದು ಮೂರು ಸ್ವರ, ಅದರಲ್ಲಿ ಒಂದು ತಪ್ಪು. ಆದರೆ ಅನುಮಾನ ಎಂಬುದು ಜನ್ಮದಲ್ಲಿ ಬಂದಿರಲಿಲ್ಲ.

"ಇಬ್ರೂ ನಾಳೆ ಸಂಜೆ ಬನ್ನಿ. ಯಾರ ಸೌಂಡ್ ಹಿಡಿಸುತ್ತೋ ಅವ್ರು ಬ್ಯಾಂಡಿಗೆ," ಎಂದಿದ್ದರು ಡಾಕ್ಟರು. "ಪೆಡಲ್ ತಂದ್ರೆ ಒಂದೇ ತನ್ನಿ. ಮಿಕ್ಕ ಪ್ಲಗ್ಗೆಲ್ಲ ನನ್ನ ಡ್ರಿಲ್ಲಿಗೆ."

ಪೆಡಲ್ ಎಂದರೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಗಿಟಾರಿಗೂ ಸ್ಪೀಕರಿಗೂ ನಡುವೆ ಸಿಕ್ಕಿಸಿ ಕಾಲಲ್ಲಿ ಅದುಮಿದರೆ ಸದ್ದು ವೇಷ ಹಾಕುತ್ತದೆ. ರಿವರ್ಬ್ ಅದುಮಿದರೆ ಬಾವಿಯೊಳಗಿಂದ ಬಾರಿಸಿದಂತೆ ಮೊಳಗುತ್ತದೆ. ಡಿಲೇ ಅದುಮಿದರೆ ಬಾರಿಸಿದ್ದು ಮತ್ತೆ ಮತ್ತೆ ಮರಳಿ ಬರುತ್ತದೆ. ಟ್ರೆಮೊಲೊ ಅದುಮಿದರೆ ಸದ್ದು ಚಳಿಜ್ವರ ಬಂದಂತೆ ಗಡಗಡ ನಡುಗುತ್ತದೆ. ಸಂಗೀತದಂಗಡಿಯವನು ಅದೇ ಬ್ಯಾಂಡಿನಲ್ಲಿ ಬೇಸ್ ಬಾರಿಸುವವನು; ತಕ್ಕಡಿ ಅಂಗಡಿಯಲ್ಲೇ ತೂಗಾಡುತ್ತ ನಿಂತರೆ ಬೇರೆ ಗಿರಾಕಿಗಳು ಮುದುಕರಾದಾರು ಎಂದು ಮೂರನ್ನೂ ಕೈಗಿಟ್ಟು ದಬ್ಬಿದ. "ಮನೇಲಿ ನೋಡ್ಕೊಳಿ ಸ್ವಾಮಿ. ನಾಳೆ ಸಂಜೆ ಒಂದಿಟ್ಕೊಂಡು ಎರಡು ವಾಪಸ್ ಕೊಡಿ."

ಮರುದಿನ ಬೆಳಗ್ಗೆ ಎದ್ದವನೇ ತಕ್ಕಡಿ ಮೂರನ್ನೂ ಸಾಲಾಗಿಟ್ಟು ಹೆಂಡತಿಯನ್ನು ಕೂರಿಸಿದ.

"ಇದು ಚೆನ್ನಾಗಿದ್ಯಾ, ಇದಾ?"

"ಎಲ್ಲಾ ಒಂದೇ ಥರ ಇದೆ."

"ಸರಿಯಾಗಿ ಕೇಳೇ. ಇದು ಡಿಲೇ. ಒಂದ್ಸಲ ಬಾರಿಸಿದ್ರೆ ಹತ್ಸಲ ಕೇಳುತ್ತೆ."

"ನಾನು ದಿನಾ ಹತ್ಸಲ ಹೇಳ್ತೀನಿ, ನಿಮಗೆ ಒಂದ್ಸಲಾನೂ ಕೇಳಲ್ಲ. ಅದಕ್ಕೇನಾದ್ರೂ ಪೆಡಲ್ ಇದ್ರೆ ತನ್ನಿ."

ಸೋಫಾದ ಮೇಲಿಂದ ಭಾವಮೈದ ಒಂದು ಕಣ್ಣು ತೆರೆದ. "ಭಾವ, ನಾನಂತೂ ಯಾವುದೂ ತಗೊಂಡು ಹೋಗಲ್ಲ. ನಂದು ಕೈಚಳಕ." ಮತ್ತೆ ಕಣ್ಣು ಮುಚ್ಚಿದ.

ತಕ್ಕಡಿ ರಿವರ್ಬ್ ತಿರುಗಣಿಯನ್ನು ಪೂರ್ತಿ ತಿರುಗಿಸಿ ಒಂದು ತಂತಿ ಮೀಟಿದ. ಆಹಾ, ಆ ಸದ್ದು! ಪಾತ್ರೆಗಳು ಕೆಳಗಿಳಿದವು. ಬೀದಿಯ ಆಚೆ ತುದಿಯಲ್ಲಿ ನಿಂತಿದ್ದ ಬಸ್ಸು ತಾನೇ ಹೊರಟಿತು. ಮೇಲಿನ ಮನೆಯ ಲಿಫ್ಟ್ ಮಾವ, ಇಡೀ ಆಯುಷ್ಯ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಬನಿಯನ್ನಿನಲ್ಲೇ ಸ್ಪ್ಯಾನರ್ ಹಿಡಿದು ಓಡಿಬಂದರು.

"ಯಾರಯ್ಯ ಲಿಫ್ಟಿನ ಗುಂಡಿಗೆ ಬಿದ್ದಿರೋದು?"

"ಯಾರೂ ಇಲ್ಲ ಮಾವ, ಗಿಟಾರು."

ಲಿಫ್ಟ್ ಮಾವ ಇನ್ನೊಮ್ಮೆ ಬಾರಿಸಲು ಹೇಳಿದರು. ಅವರ ಕಣ್ಣಲ್ಲಿ ನೀರು ತುಂಬಿತು. "ಇದೇ ಕಣಯ್ಯ ಗುಂಡಿಯ ಸದ್ದು! ಈಗಿನ ಲಿಫ್ಟುಗಳು ಮೂಗರ ಥರ ಓಡಾಡ್ತವೆ. ಒಂದೈದು ನಿಮಿಷ ಕೊಡು, ನಮ್ಮ ಲಿಫ್ಟಿಗೆ ಹಾಕಿ ನೋಡಿ ತರ್ತೀನಿ." ಕೊಡಲೋ ಬೇಡವೋ ಎಂದು ತಕ್ಕಡಿ ತೂಗುತ್ತಿರುವಾಗಲೇ ಮಾವ ಪೆಡಲ್ ಕಂಕುಳಲ್ಲಿಟ್ಟುಕೊಂಡು ನಡೆದರು.

ಅಷ್ಟರಲ್ಲಿ ಎದುರು ಮನೆಯ ಮಗ್ಗಿ ಟೀಚರ್ ಬಂದರು. ಬೀದಿಯ ಮಕ್ಕಳಿಗೆಲ್ಲ ಮೈಕು ಹಿಡಿದು ಮಗ್ಗಿ ಹೇಳಿಕೊಡುವವರು. ಜಗಳಕ್ಕೆಂದು ಬಂದವರು ಡಿಲೇ ಕೇಳಿ ಬಾಗಿಲಲ್ಲೇ ನಿಂತರು.

"ಅಂದ್ರೆ ನಾನು ಒಂದ್ಸಲ ಹೇಳಿದ್ರೆ ಮಿಕ್ಕಿದ್ದು ಅದೇ ಹೇಳುತ್ತಾ?"

"ಹೂಂ, ಆದ್ರೆ ಟೀಚರ್, ನನಗೆ ಸಂಜೆ..."

"ಗಂಟಲು ಹೋಗಿದೆ ಕಣಪ್ಪ. ಅರ್ಧ ಗಂಟೆ."

ಅರ್ಧ ಗಂಟೆಯಲ್ಲಿ ಆದದ್ದನ್ನು ವಿದ್ಯಾ ಇಲಾಖೆಗೆ ಇನ್ನೂ ಸರಿಪಡಿಸಲಾಗಿಲ್ಲ. ಟೀಚರ್ "ಎರಡೊಂದ್ಲಿ ಎರಡು" ಎಂದು ಹೇಳಿ ಟೀ ಕುಡಿಯಲು ಒಳಗೆ ಹೋದರು. ಪೆಡಲ್ ಅದನ್ನೇ ಹೇಳುತ್ತ ಕೂತಿತು. ವಾಪಸ್ ಬಂದು ಮೂರರ ಮಗ್ಗಿ ಹೇಳಿದರೆ ಎರಡರದು ಇನ್ನೂ ಮುಗಿದಿರಲಿಲ್ಲ. ನಾಲ್ಕು ಬರುವ ಹೊತ್ತಿಗೆ ಮೂರೂ ಒಂದರ ಮೇಲೊಂದು ಹತ್ತಿ ಜಗಳಕ್ಕೆ ನಿಂತಿದ್ದವು. ಆ ಬೀದಿಯ ಮಕ್ಕಳಿಗೆ ಇಂದಿಗೂ ಎರಡೆರಡ್ಲಿ ಒಂಬತ್ತು.

"ಟೀಚರ್, ಪೆಡಲ್ ಕೊಡಿ!" ತಕ್ಕಡಿ ಬಾಗಿಲು ಬಡಿದ.

"ಹೇಗೆ ಕೊಡ್ಲಿ? ನಿಲ್ಸಿದ್ರೆ ಎಷ್ಟರವರೆಗೆ ಬಂದಿದೀವಿ ಅನ್ನೋದೇ ಮರ್ತು ಹೋಗುತ್ತೆ!"

ಒಳಗಿನಿಂದ ಪೆಡಲ್ಲೂ "ಮರ್ತು ಹೋಗುತ್ತೆ, ಮರ್ತು ಹೋಗುತ್ತೆ" ಎಂದು ಟೀಚರ ಪರ ವಹಿಸಿತು.

ಉಳಿದದ್ದು ಟ್ರೆಮೊಲೊ. ಇನ್ನು ಆರಿಸುವ ತಲೆನೋವೇ ಇಲ್ಲ ಎಂದು ತಕ್ಕಡಿ ನಿಟ್ಟುಸಿರುಬಿಟ್ಟು ಮನೆಗೆ ಬಂದರೆ, ಹೆಂಡತಿ ಪಾತ್ರೆ ಜೋಡಿಸುತ್ತ ಹೇಳಿದಳು: "ಕೆಳಮನೆ ಗುಮಾಸ್ತ ಬಂದಿದ್ರು. ನಡುಗೋದನ್ನ ತಗೊಂಡು ಹೋದ್ರು."

"ಅಯ್ಯೋ! ಯಾಕೆ ಕೊಟ್ಟೆ?"

"ಕೇಳಿದ್ರು, ಕೊಟ್ಟೆ. ನಿಮ್ಮ ಥರ ಸಾಯಂಕಾಲದವರೆಗೂ ಯೋಚಿಸ್ತಾ ಕೂರಕ್ಕಾಗುತ್ತಾ?"

ಗುಮಾಸ್ತನಿಗೆ ಆ ದಿನ ಆಫೀಸಿಗೆ ಹೋಗಲು ಮನಸ್ಸಿರಲಿಲ್ಲ. ಮೈಕಿಗೆ ಟ್ರೆಮೊಲೊ ಹಾಕಿ ಸ್ಪೀಕರಿನ ಮುಂದೆ ಫೋನಿಟ್ಟು ಸಾಹೇಬರಿಗೆ "ಸಾರ್, ಮೈ ಸರಿಯಿಲ್ಲ" ಎಂದಿದ್ದ. ಅಷ್ಟೇ. ಆ ಕಡೆ ಸಾಹೇಬರು ಕುರ್ಚಿಯಿಂದ ಎದ್ದರಂತೆ. ಅಂಥ ನಡುಕವನ್ನು ಮನುಷ್ಯಮಾತ್ರದವರು ನಡುಗಿದ್ದಿಲ್ಲ! ರಜೆ ಕೊಟ್ಟರು, ಜೊತೆಗೆ ಆಂಬುಲೆನ್ಸನ್ನೂ ಕಳಿಸಿದರು. ತಕ್ಕಡಿ ಮೆಟ್ಟಿಲಿಳಿಯುವ ಹೊತ್ತಿಗೆ ಇಬ್ಬರು ಗುಮಾಸ್ತನನ್ನು ಸ್ಟ್ರೆಚರಿನ ಮೇಲೆ ಹೊರಗೆ ತರುತ್ತಿದ್ದರು. ಎದೆಯ ಮೇಲೆ ಟ್ರೆಮೊಲೊ.

"ನಂದು ಕೊಡ್ರೀ!" ಎಂದು ಕೂಗಿದ ತಕ್ಕಡಿ.

"ಹೇಗೆ ಕೊಡ್ಲಿ? ಡಾಕ್ಟರ್ ಏನಾದ್ರೂ ಕೇಳಿದ್ರೆ ಯಾವ ದನಿಯಲ್ಲಿ ಉತ್ತರ ಹೇಳ್ಲಿ?" ಎಂದು ಪಿಸುಗುಟ್ಟಿದ ಗುಮಾಸ್ತ. "ಆಂಬುಲೆನ್ಸಿನೊಳಗೆ ಪ್ಲಗ್ಗೂ ಇದೆ. ಸಂಜೆ ತಂದ್ಕೊಡ್ತೀನಿ, ಬಿಟ್ರೆ."

ಬಾಗಿಲು ಮುಚ್ಚಿತು. ತಕ್ಕಡಿ ಗಿಟಾರನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ಓಡಿದ. ಒಂದು ಕಾಲಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ಕಂದು. ಜನ ದಾರಿ ಬಿಟ್ಟರು; ಯಾರೋ ಹತ್ತಿರದ ಸಂಬಂಧಿಯಿರಬೇಕೆಂದು ಇಬ್ಬರು ಸೈಕಲ್ಲಿಳಿದು ಸಮಾಧಾನ ಹೇಳುತ್ತ ಜೊತೆಗೆ ಓಡಿದರು. ಊರನ್ನು ಏಳು ಸುತ್ತು ಹಾಕಿರಬೇಕು, ಕಡಿಮೆ ಹೇಳಿದರೆ ಪಾಪ ಬರುತ್ತದೆ. ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಗಿಟಾರು ಒಳಗೆ ಬಿಡುವುದಿಲ್ಲ ಎಂದ. ಗಿಟಾರು ಹೊರಗಿಟ್ಟು ಒಳಗೆ ಹೋಗುವುದೋ, ಗಿಟಾರಿನ ಜೊತೆ ಹೊರಗೇ ಉಳಿಯುವುದೋ ಎಂದು ತಕ್ಕಡಿ ತೂಗುತ್ತ ನಿಂತ. ತೂಗಿ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು.

ವಾಪಸ್ ಓಡಿದ. ರಿವರ್ಬಾದರೂ ಸಿಕ್ಕೀತೆಂದು ಲಿಫ್ಟಿನ ಬಳಿ ಹೋದರೆ ಅದು ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗಿನಿಂದ ಲಿಫ್ಟ್ ಮಾವನ ದನಿ ಏಳು ಲೋಕಕ್ಕೆ ಕೇಳುವಂತೆ ಮೊಳಗುತ್ತಿತ್ತು: "ಏನೂ ಚಿಂತೆ ಇಲ್ಲ... ನಾನೇ ನಿಲ್ಲಿಸಿರೋದು... ಬಹಳ ಚೆನ್ನಾಗಿದೆ..."

ಕ್ಲಿನಿಕ್ಕಿನಲ್ಲಿ ಡಾಕ್ಟರು ಡ್ರಮ್ಮಿನ ಹಿಂದೆ, ಅಂಗಡಿಯವನು ಬೇಸ್ ಹಿಡಿದು, ಭಾವಮೈದ ಕಾಯುವವರ ಬೆಂಚಿನ ಮೇಲೆ ಮಲಗಿ, ಮೂವರೂ ಕಾಯುತ್ತಿದ್ದರು. ಭಾವಮೈದ ಆಗಲೇ ತನ್ನ ಮೂರು ಸ್ವರ ಬಾರಿಸಿ ಮುಗಿಸಿದ್ದ. ಡಾಕ್ಟರ ಮುಖ ನೋಡಿದರೆ ಅವರದೇ ಹಲ್ಲು ನೋಯುತ್ತಿರುವಂತಿತ್ತು.

"ಎಲ್ಲಿ ಪೆಡಲ್?" ಎಂದ ಅಂಗಡಿಯವನು.

ತಕ್ಕಡಿ ಸ್ಪೀಕರಿಗೆ ಗಿಟಾರನ್ನು ನೇರವಾಗಿ ಸಿಕ್ಕಿಸಿ ತಂತಿಗೆ ಕೈಹಾಕಿದ. ಓಡಿ ಓಡಿ ಕೈ ಎಲೆಯಂತೆ ನಡುಗುತ್ತಿತ್ತು. ಹೆದರಿದ ಬೆರಳು ಒಂದು ತಂತಿಯನ್ನು ಒಮ್ಮೆ ಮುಟ್ಟುವ ಬದಲು ಮತ್ತೆ ಮತ್ತೆ ಮುಟ್ಟುತ್ತಿತ್ತು. ಸುತ್ತ ಬಿಳಿ ಟೈಲ್ಸಿನ ಗೋಡೆ, ಸದ್ದು ಬಡಿದು ಬಡಿದು ಮೊಳಗಿತು. ಡಾಕ್ಟರ ಕೈಯಿಂದ ಕೋಲು ಬಿತ್ತು.

"ಅಬ್ಬಬ್ಬಾ! ಮೂರೂ ಇದೆಯಲ್ರೀ! ಒಂದೂ ಪ್ಲಗ್ಗಿಲ್ಲದೆ! ಜಾಗ ನಿಮ್ಮದೇ. ಕೂತ್ಕೊಳಿ, ನೀರು ಕುಡೀರಿ. ಇನ್ನೊಂದ್ಸಲ ಬಾರಿಸಿ."

ತಕ್ಕಡಿಯ ಬಾಳಿನಲ್ಲಿ ಅಂಥ ಗಳಿಗೆ ಬಂದಿರಲಿಲ್ಲ. ಕೂತ, ನೀರು ಕುಡಿದ, ಬೆವರೊರೆಸಿಕೊಂಡ, ಪರಮ ಸಂತೋಷದಿಂದ ಬಾರಿಸಿದ. ಸದ್ದು ಒಣಗಿದ ರೊಟ್ಟಿಯಂತೆ ಬಂದು ನೆಲಕ್ಕೆ ಬಿತ್ತು. ನಡುಕವಿಲ್ಲ, ಮರಳುವಿಕೆಯಿಲ್ಲ. ಇಷ್ಟು ಮೆತ್ತಗಿನ ಸದ್ದಿಗೆ ಗೋಡೆ ಕೂಡ ಉತ್ತರ ಕೊಡಲಿಲ್ಲ.

"ಹೋಯ್ತಲ್ರೀ!" ಡಾಕ್ಟರು ಎದ್ದು ನಿಂತರು. "ಎಲ್ಲಿ ಹೋಯ್ತು?"

ಆಗ ಭಾವಮೈದ ಬೆಂಚಿನಿಂದ ಎದ್ದ. ಮೂರು ತಿಂಗಳಲ್ಲಿ ಅವನು ತಾನಾಗಿ ಎದ್ದದ್ದು ಅದೇ ಮೊದಲು. "ಏನಿಲ್ಲ ಡಾಕ್ಟ್ರೇ, ಆಫ್ ಆಗಿದಾರೆ," ಎಂದು ತಕ್ಕಡಿಯ ಬಲಗಾಲಿನ ಹೆಬ್ಬೆರಳಿನ ಮೇಲೆ ಹಿಮ್ಮಡಿಯಿಟ್ಟು ಅದುಮಿದ.

"ಅಯ್ಯಯ್ಯಯ್ಯೋ!" ತಕ್ಕಡಿಯ ಮೈಯೆಲ್ಲ ಗಡಗಡ ನಡುಗಿತು. ಗಿಟಾರು ದೇವಲೋಕದ ದನಿ ತೆಗೆಯಿತು.

"ಆನ್ ಆಯ್ತು," ಎಂದ ಭಾವಮೈದ.

ಡಾಕ್ಟರು, ಅಂಗಡಿಯವನು ಮುಖ ಮುಖ ನೋಡಿಕೊಂಡರು. ಆಮೇಲೆ ನಡೆದ ತೀರ್ಮಾನದಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ. ಅದುಮುವವನು ಗಿಟಾರಿಗ, ಅದುಮಿಸಿಕೊಳ್ಳುವುದು ಪೆಡಲ್. ಗಿಟಾರು ಭಾವಮೈದನ ಕೊರಳಿಗೆ ಬಂತು. ಅದರ ಕತ್ತು ಹಿಡಿದು ನಡುಗಿಸಲು ತಕ್ಕಡಿಯನ್ನು ಪಕ್ಕದಲ್ಲಿ ಮಂಡಿಯೂರಿ ಕೂರಿಸಿದರು. ಕಳೆದುಹೋದ ಮೂರು ಪೆಡಲಿಗೆ ಬದಲಾಗಿ ಈ ಹೊಸ ಪೆಡಲನ್ನು ತಾನೇ ಇಟ್ಟುಕೊಳ್ಳುವುದಾಗಿ ಅಂಗಡಿಯವನು ಹೇಳಿದ.

"ಬಲಗಾಲು ಒತ್ತಿದ್ರೆ ಟ್ರೆಮೊಲೊ," ಭಾವಮೈದ ಒತ್ತಿ ತೋರಿಸಿದ. "ಎಡಗಾಲು ಒತ್ತಿದ್ರೆ ಎರಡೆರಡು ಸಲ ಕೂಗ್ತಾರೆ, ಅದು ಡಿಲೇ. ಎರಡೂ ಒಟ್ಟಿಗೆ ಒತ್ತಿದ್ರೆ ಬೀದಿಯೆಲ್ಲ ಮೊಳಗುತ್ತೆ."

"ಮೊದಲನೇ ಹಾಡಿಗೆ ಯಾವುದು ಹಾಕೋಣ?" ಎಂದರು ಡಾಕ್ಟರು.

"ನನ್ನ ಕೇಳಿದ್ರೆ..." ಎಂದು ಕೆಳಗಿನಿಂದ ತಕ್ಕಡಿ ಬಾಯಿ ತೆರೆದ. ಆಶ್ಚರ್ಯವೆಂದರೆ, ಹುಟ್ಟಿದಾಗಿನಿಂದ ಮೊದಲ ಸಲ ಅವನಿಗೆ ಯಾವುದು ಬೇಕು, ಯಾವುದು ಬೇಡ ಎಂದು ಖಚಿತವಾಗಿ ಗೊತ್ತಿತ್ತು.

"ಶ್! ಭಾವ," ಎಂದು ಭಾವಮೈದ ಪ್ರೀತಿಯಿಂದಲೇ ಎರಡೂ ಕಾಲೆತ್ತಿದ. "ಪೆಡಲ್ ಮಾತಾಡಬಾರದು."