ಫಿಲ್ಟರ್ ಸ್ಪಂಜಿನ ನಿವಾಸಿಗಳಿಗೆ ಒಬ್ಬ ಕ್ಷೌರಿಕನ ಅಹವಾಲು

ಕಣ್ಣಿಗೆ ಕಾಣದ, ಆದರೂ ಇಲ್ಲವೆನ್ನಲು ನನಗೆ ಧೈರ್ಯ ಸಾಲದ, ಮಾನ್ಯ ಬ್ಯಾಕ್ಟೀರಿಯಾ ಮಹೋದಯರೇ,

ತಾವೆಲ್ಲರೂ ಕೋಟಿ ಕೋಟಿ ಸಂಖ್ಯೆಯಲ್ಲಿ ಸಕುಟುಂಬ ಕ್ಷೇಮವಾಗಿದ್ದೀರೆಂದು ಭಾವಿಸಿ, ನನ್ನ ಸಲೂನಿನ ಗಾಜಿನ ತೊಟ್ಟಿಯ ಮುಂದೆ ಕತ್ತರಿ ಕೆಳಗಿಟ್ಟು, ಕೈ ಕಟ್ಟಿಕೊಂಡು ನಿಂತು ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮಷ್ಟು ಕಾಯಿಸಿದವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ನನ್ನ ತಂದೆಯವರು ಇದೇ ಅಂಗಡಿಯಲ್ಲಿ ನಲವತ್ತು ವರ್ಷ ಕತ್ತರಿ ಹಿಡಿದವರು. ಕೈ ನಡುಗಲು ಶುರುವಾದ ಮೇಲೆ ಕತ್ತರಿ ಬಿಟ್ಟರು, ಅಂಗಡಿ ಬಿಡಲಿಲ್ಲ. ಮೂಲೆಯಲ್ಲಿ ಕೂತು, ನಾನು ಮುಗಿಸಿದ ಪ್ರತಿ ತಲೆಯನ್ನೂ ಕನ್ನಡಿಯಲ್ಲಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅದನ್ನು ಕೇಳಿದ ಗಿರಾಕಿಗಳು ಬೆಚ್ಚಿ ತಲೆ ಸವರಿಕೊಳ್ಳುತ್ತಿದ್ದರಾದ್ದರಿಂದ, ಅವರ ಕಣ್ಣಿಗೆ ಬೇರೊಂದು ಕೆಲಸ ಕೊಡೋಣವೆಂದು ಅಕ್ವೇರಿಯಂ ತಂದೆ. "ಮೀನು ಬೇಡಪ್ಪ, ಸುಮ್ನೆ ಅತ್ತಿಂದಿತ್ತ ಓಡಾಡ್ತವೆ, ತಲೆ ತಿರುಗುತ್ತೆ. ಬಸವನಹುಳು ತಗೊಂಡು ಬಾ" ಎಂದರು. ಕೆಲಸ ಬಿಟ್ಟ ಮೇಲೆ ಅವರು ಬಾಯಿಬಿಟ್ಟು ಬೇಕೆಂದು ಕೇಳಿದ್ದು ಅದೊಂದನ್ನೇ.

ಆದರೆ ಅಕ್ವೇರಿಯಂ ಅಂಗಡಿಯವರು ತಮ್ಮ ಪರಮಭಕ್ತರು. "ಹುಳ ಆಮೇಲೆ, ಮೊದಲು ನೀರು" ಎಂದು ನನ್ನನ್ನು ಬರಿಗೈಯಲ್ಲಿ ವಾಪಸು ಕಳಿಸಿದರು. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಒಂದು ಔಷಧಿ. ತಾಮ್ರ ಸೋಕಿದರೆ ಬಸವನಹುಳುವಿಗೆ ವಿಷ, ಹಾಗಾಗಿ ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ಹುಳುವಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ತಿಂದು ತೀರಿಸಲು ತಾವು ಮೊದಲೇ ಬಂದು ನೀರು ಸೋಸುವ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರಬೇಕು. ತಾವು ಬರಬೇಕಾದರೆ ಊಟ ಸಿದ್ಧವಿರಬೇಕು. ಆದ್ದರಿಂದ ದಿನಾ ಬೆಳಿಗ್ಗೆ ಒಂದು ಚಿಟಿಕೆ ಮೀನಿನ ಆಹಾರವನ್ನು, ಅದು ಕೊಳೆತು ತಮಗೆ ರುಚಿಸಲೆಂದು, ಯಾರೂ ಇಲ್ಲದ ತೊಟ್ಟಿಗೆ ಹಾಕತೊಡಗಿದೆ. ಪಕ್ಕದ ಅಂಗಡಿಯ ದರ್ಜಿ ಮೂರು ದಿನ ಸುಮ್ಮನೆ ನೋಡಿ, ನಾಲ್ಕನೆಯ ದಿನ, "ಯಾರಿಗೆ ಹಾಕ್ತಾ ಇದ್ದೀರಿ?" ಎಂದು ಮೆಲ್ಲಗೆ ಕೇಳಿದರು. "ಅವರಿನ್ನೂ ಬಂದಿಲ್ಲ" ಎಂದೆ. ಅಂದಿನಿಂದ ಅವರು ಗಡ್ಡಕ್ಕೆ ಹಿಂದಿನ ಬೀದಿಗೆ ಹೋಗುತ್ತಾರೆ. ಬ್ಲೇಡು ಹಿಡಿದವನ ತಲೆಯ ಬಗ್ಗೆ ಅನುಮಾನ ಬಂದ ಮೇಲೆ ಗಂಟಲು ಒಡ್ಡುವುದು ಯಾರಿಗಾದರೂ ಕಷ್ಟವೇ.

ತಮ್ಮ ಆರೋಗ್ಯದ ದೃಷ್ಟಿಯಿಂದ ಅಂಗಡಿಯೊಳಗೆ ಸ್ಪ್ರೇ, ಸೆಂಟು, ಪೌಡರುಗಳನ್ನು ನಿಷೇಧಿಸಿದ್ದೂ ತಮಗೆ ತಿಳಿದಿರಬಹುದು. ಗಿರಾಕಿಗಳು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಫುಟ್‌ಪಾತಿಗೆ ಬಂದು, ಬಸ್ಸಿಗೆ ಕಾಯುವವರ ನಡುವೆ ನಿಂತು ಪೌಡರು ಹಾಕಿಸಿಕೊಳ್ಳುತ್ತಿದ್ದರು. ಒಬ್ಬ ಬ್ಯಾಂಕ್ ಮ್ಯಾನೇಜರು ಹೀಗೆ ಕಣ್ಣು ಮುಚ್ಚಿ ನಿಂತಿದ್ದಾಗ ಬಸ್ಸು ಬಂದು, ನೂಕುನುಗ್ಗಲಿನಲ್ಲಿ ಅವರೂ ಹತ್ತಿಹೋದರು. ಬಟ್ಟೆ ಈವರೆಗೆ ವಾಪಸು ಬಂದಿಲ್ಲ, ಮ್ಯಾನೇಜರೂ ಬಂದಿಲ್ಲ.

ನೀರನ್ನು ಪರೀಕ್ಷಿಸುವ ಕೆಲಸದಲ್ಲಿ ತಂದೆಯವರೂ ಕೈಜೋಡಿಸಿದರು. ಗಾಜಿನ ಕೊಳವೆಗೆ ನೀರು ತುಂಬಿ, ಎಂಟು ಹನಿ ಔಷಧಿ ಹಾಕಿ, ಚೆನ್ನಾಗಿ ಕುಲುಕಿ ಬಣ್ಣ ನೋಡಬೇಕು: ಹಸಿರಾದರೆ ವಿಷ, ಹಳದಿಯಾದರೆ ತಾವು ಕೆಲಸಕ್ಕೆ ಹಾಜರು. "ಇತ್ತ ಕೊಡು. ಕುಲುಕೋಕೆ ನನಗಿಂತ ಲಾಯಕ್ಕಾದ ಕೈ ಈ ಬೀದೀಲೇ ಇಲ್ಲ" ಎಂದು ಅವರು ಕೊಳವೆ ಕಸಿದುಕೊಂಡಾಗ, ತಮ್ಮ ಕೈಯ ಬಗ್ಗೆ ಅವರೇ ತಮಾಷೆ ಮಾಡಿದ್ದನ್ನು ಮೊದಲ ಸಲ ಕೇಳಿದ ನಾನು ನಗಬೇಕೋ ಬೇಡವೋ ತಿಳಿಯದೆ ಒಬ್ಬ ಗಿರಾಕಿಯ ಮೀಸೆಯನ್ನು ಅರ್ಧ ಬೋಳಿಸಿಬಿಟ್ಟೆ. ನಾಲ್ಕನೆಯ ವಾರ ಕೊಳವೆ ಹಳದಿಗೆ ತಿರುಗಿತು. ತಂದೆಯವರು ಅದನ್ನು ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಹೋಗಿಬರುವವರಿಗೆಲ್ಲ ತೋರಿಸಿದರು.

ಮಾರನೆಯ ದಿನ ನಾನು ಸ್ಪಂಜು ತೊಳೆದೆ.

ಅದು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿತ್ತು, ಮಹನೀಯರೇ. ದಿನಕ್ಕೆ ಇಪ್ಪತ್ತು ಸಲ ಬಾಚಣಿಗೆ ತೊಳೆಯುವ ಕೈ ಇದು. ನಲ್ಲಿಯ ಕೆಳಗೆ ಹಿಡಿದು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ. ಆ ಕೊಳೆಯೇ ತಾವೆಂದು ನನಗೇನು ಗೊತ್ತು? ತಮ್ಮ ಕಡೆಯಿಂದ ಒಂದು ಕೆಮ್ಮು, ಒಂದು ಕೂಗು ಕೇಳಿಸಿದ್ದರೂ ಕೈ ತಡೆಯುತ್ತಿದ್ದೆ. ಅಷ್ಟೊಂದು ಕೋಟಿ ಜನ ಒಟ್ಟಿಗಿದ್ದೂ ಒಬ್ಬರಾದರೂ ಬಾಯಿಬಿಡಬಾರದೇ? ಎರಡು ದಿನಕ್ಕೆ ಕೊಳವೆ ಕಡುಹಸಿರಾಯಿತು. "ಏನ್ ಮಾಡಿದೆ?" ಎಂದರು ತಂದೆಯವರು. "ಸ್ಪಂಜು ತೊಳೆದೆ ಅಪ್ಪ." ಅವರು ಕೊಳವೆಯನ್ನು ಸ್ಟ್ಯಾಂಡಿನಲ್ಲಿಟ್ಟು ಮನೆಗೆ ನಡೆದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಖಾಲಿ ಕುರ್ಚಿಯನ್ನು ಕನ್ನಡಿಯಲ್ಲಿ ನೋಡುತ್ತ ನಾನು ಕೆಟ್ಟ ಕೆಟ್ಟದಾಗಿ ಕತ್ತರಿಸಿದೆ.

ಕೊನೆಗೆ ಅಕ್ವೇರಿಯಂ ಅಂಗಡಿಯವರ ಮುಂದೆ ತಪ್ಪೊಪ್ಪಿಕೊಂಡೆ. ಅವರು ತಮ್ಮ ಹಳೆಯ ತೊಟ್ಟಿಯಿಂದ ಕರ್ರಗಿನ, ನಾರುವ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ನೀರಿನ ಚೀಲದಲ್ಲಿ ಹಾಕಿ, "ಒಣಗಿಸಬೇಡಿ, ದಮ್ಮಯ್ಯ, ತೊಳೀಲೂ ಬೇಡಿ" ಎಂದರು. ನೆಟ್ಟಗೆ ಮನೆಗೆ ಒಯ್ದು ತಂದೆಯವರ ಮುಂದಿಟ್ಟೆ. ಅವರು ಮೂಸಿ ನೋಡಿ ಮುಖ ಕಿವುಚಿ, ಎದ್ದು ಚಪ್ಪಲಿ ಮೆಟ್ಟಿಕೊಂಡರು. ಚೀಲವನ್ನು ನಮ್ಮ ಅಂಗಡಿ ತಲುಪುವವರೆಗೂ ನನ್ನ ಕೈಗೆ ಕೊಡಲಿಲ್ಲ.

ಹನ್ನೆರಡು ದಿನಗಳಲ್ಲಿ ಅಮೋನಿಯಾವೂ ಇಲ್ಲ, ಅದರ ಬೆನ್ನಲ್ಲೇ ಹುಟ್ಟುವ ವಿಷ, ಅದರ ತಮ್ಮ ನೈಟ್ರೈಟೂ ಇಲ್ಲ. ಮೂರು ಬಸವನಹುಳುಗಳು ನಿನ್ನೆ ಪ್ರವೇಶ ಮಾಡಿವೆ. ಮಧ್ಯಾಹ್ನದವರೆಗೆ ಚಿಪ್ಪಿನಿಂದ ಹೊರಬರದ ಅವುಗಳ ಮುಂದೆ ತಂದೆಯವರು ಊಟ ಬಿಟ್ಟು ಕೂತರು. ಆಮೇಲೆ ಒಂದು ಹುಳು ಕೊಂಬು ಚಾಚಿ, ಗಾಜು ಹಿಡಿದು ಏರತೊಡಗಿದಾಗ, "ಬಂತು ಕಣೋ, ಬಂತು!" ಎಂದು ಕೂಗಿದ ರಭಸಕ್ಕೆ ಇಬ್ಬರು ಗಿರಾಕಿಗಳು ನೊರೆ ಮೆತ್ತಿದ ಮುಖದಲ್ಲೇ ಎದ್ದು ಬಂದು ತೊಟ್ಟಿಗೆ ಮೂಗು ಹಚ್ಚಿದರು.

ಆದ್ದರಿಂದ ತಾವು ದಯಮಾಡಿ ಇನ್ನು ಮುಂದೆ ಬರುವಾಗ ಹಾಜರಿ ಪುಸ್ತಕದಲ್ಲಿ ಸಹಿ ಮಾಡಬೇಕೆಂದೂ, ಸಾಯುವುದಿದ್ದರೆ ಹದಿನೈದು ದಿನ ಮೊದಲು ತಿಳಿಸಬೇಕೆಂದೂ, ಕನಿಷ್ಠ ಒಬ್ಬ ಪ್ರತಿನಿಧಿಯನ್ನಾದರೂ ಕಣ್ಣಿಗೆ ಕಾಣುವಷ್ಟು ದಪ್ಪ ಬೆಳೆಸಬೇಕೆಂದೂ ಕೋರುತ್ತಾ,

ತಮ್ಮ ವಿಶ್ವಾಸಿ,
ತಮ್ಮನ್ನು ಒಮ್ಮೆ ನಿರ್ನಾಮ ಮಾಡಿದ ಕ್ಷೌರಿಕ

ವಿ.ಸೂ.: ಇಂದು ಬೆಳಿಗ್ಗೆ ಒಂದು ಹುಳು ಸ್ಪಂಜಿನ ಮೇಲೇರಿ, ತಮ್ಮ ಬಂಧುಬಳಗವನ್ನು ನಿಧಾನವಾಗಿ ನೆಕ್ಕಿ ತಿನ್ನುತ್ತಿತ್ತು. ಓಡಿಸಲೇ ಎಂದು ಕೇಳಿದೆ. "ಪಾಪ, ತಿನ್ನಲಿ ಬಿಡೋ" ಎಂದರು ತಂದೆಯವರು. ಈ ವಿಷಯದಲ್ಲಿ ತಮಗೇನಾದರೂ ದೂರಿದ್ದರೆ ಲಿಖಿತವಾಗಿ ಸಲ್ಲಿಸತಕ್ಕದ್ದು.